ಮರಳುಗುಂಡಿಯ ದಾಂಡು

ಪೆರಂಬೂರಿನಿಂದ ಬೀಚ್ ಸ್ಟೇಷನ್ನಿಗೆ ಹೋಗುವ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಸೀಟು ಸಿಕ್ಕರೆ ಸುಮತಿ ಕೂತು ಗಾಲ್ಫ್ ಆಡುತ್ತಿದ್ದಳು, ಸಿಗದಿದ್ದರೆ ಕಂಬಕ್ಕೆ ಒರಗಿ ಆಡುತ್ತಿದ್ದಳು. ನಿಜವಾದ ಗಾಲ್ಫ್ ಮೈದಾನಕ್ಕೆ ಅವಳು ಕಾಲಿಟ್ಟವಳಲ್ಲ. ಸೈದಾಪೇಟೆ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಗೋಡೆಯಾಚೆ ಒಂದಿಷ್ಟು ಹಸಿರು ಕಂಡಿತ್ತು, ಅಷ್ಟೇ. ಆದರೆ ಫೋನಿನೊಳಗಿನ ಮೈದಾನಗಳು ಅವಳಿಗೆ ತನ್ನ ಅಡುಗೆಮನೆಯಷ್ಟೇ ಪರಿಚಯ. ಬೆರಳಿನಿಂದ ಚೆಂಡನ್ನು ಹಿಂದಕ್ಕೆಳೆದು, ಗಾಳಿಯ ಬಾಣ ಯಾವ ಕಡೆ ತೋರಿಸುತ್ತಿದೆ ಎಂದು ನೋಡಿ, ಸೂಜಿ ನಡುಗೆರೆಗೆ ಬಂದಾಗ ಬಿಡಬೇಕು. ಅವಳು ಬಿಟ್ಟ ಚೆಂಡು ಸಾಮಾನ್ಯವಾಗಿ ಹೇಳಿದ ಜಾಗಕ್ಕೇ ಹೋಗಿ ಬೀಳುತ್ತಿತ್ತು.

ನಂಜನಗೂಡಿನಲ್ಲಿ ಹುಟ್ಟಿ ಪೆರಂಬೂರಿಗೆ ಸೊಸೆಯಾಗಿ ಬಂದ ಸುಮತಿ ಇನ್ಶೂರೆನ್ಸ್ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ ಅಧಿಕಾರಿ. ಗಂಡ ಭೋಜರಾಜ ರೈಲ್ವೆ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಅವನ ತಾತನ ಕಾಲದಿಂದಲೂ ಆ ಮನೆಯವರು ಪೆರಂಬೂರಿನವರೇ ಆದ್ದರಿಂದ ಅವನ ಕನ್ನಡಕ್ಕೆ ತಮಿಳಿನ ಒಗ್ಗರಣೆ ಸ್ವಲ್ಪ ಜಾಸ್ತಿ. ಹನ್ನೊಂದನೇ ತರಗತಿಯ ಮಗಳು ನೇಹಾ ಕನ್ನಡದಲ್ಲಿ ಕೇಳಿಸಿಕೊಂಡು ತಮಿಳು ಬೆರೆಸಿ ಉತ್ತರ ಕೊಡುವವಳು.

ಅವರು ಹೋಗುತ್ತಿದ್ದ ಕನ್ನಡ ಕೂಟದ ವಾರ್ಷಿಕ ಸ್ಪರ್ಧೆಗಳಲ್ಲಿ ಕೇರಂ, ಚೆಸ್ಸುಗಳ ಜೊತೆಗೆ ಹೋದ ವರ್ಷದಿಂದ ಈ ಆನ್‌ಲೈನ್ ಗಾಲ್ಫೂ ಸೇರಿತ್ತು. ಮೊದಲ ವರ್ಷ ಗೆದ್ದವನು ಕ್ರೋಂಪೇಟೆಯ ಮಂಜುನಾಥ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವನು ಗೆದ್ದ ಮೇಲೆ ಸುಮ್ಮನಿರುವ ಜಾತಿಯವನಲ್ಲ. ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾರಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದರೂ ಕೊನೆಯಲ್ಲಿ 'ಗಾಲ್ಫ್ ಚಾಂಪಿಯನ್' ಎಂದು ಸಹಿ ಹಾಕುತ್ತಿದ್ದ. ಈ ವರ್ಷ ಫೈನಲ್ಲಿಗೆ ಬಂದವರು ಅವನು ಮತ್ತು ಸುಮತಿ.

ಸೆಮಿಫೈನಲ್ ಗೆದ್ದಾಗ ಇಬ್ಬರಿಗೂ ಆಟ ಒಂದು ಬಹುಮಾನ ಕೊಟ್ಟಿತ್ತು. ಚೀಲದಲ್ಲಿರುವ ದಾಂಡುಗಳಲ್ಲಿ ಯಾವುದಾದರೂ ಒಂದನ್ನು ಒಂದೇ ಏಟಿಗೆ ಮೇಲಿನ ದರ್ಜೆಗೆ ಏರಿಸಬಹುದು. ಒಂದೇ ಒಂದನ್ನು. ಒಮ್ಮೆ ಒತ್ತಿದ ಮೇಲೆ ಬದಲಾಯಿಸುವ ಹಾಗಿಲ್ಲ.

ಶನಿವಾರ ಬೆಳಿಗ್ಗೆ ದೋಸೆ ತಟ್ಟೆಗಳ ನಡುವೆ ಫೋನನ್ನು ಇಟ್ಟುಕೊಂಡು ಮೂವರೂ ಕೂತರು.

"ಇದ್ರಲ್ಲಿ ಯೋಚ್ನೆ ಏನಿದೆ?" ಎಂದ ಭೋಜರಾಜ. "ದೂರ ಹೊಡೆಯೋ ದಾಂಡು, ಡ್ರೈವರ್ ಏರ್ಸು. ಮೊದಲ ಹೊಡೆತ ದೂರ ಹೋದ್ರೆ ಅರ್ಧ ಆಟ ಮುಗೀತು. ಆ ಮಂಜುನಾಥಂದು ನೋಡಿದ್ಯಲ್ಲ, ಹೊಡೆದ್ರೆ ಚೆಂಡು ಊರಾಚೆ ತಾಂಬರಂ ದಾಟತ್ತೆ."

"ಅಮ್ಮಾ, ಡ್ರೈವರ್ ವೇಣಾಂ, ಬೇಡ," ಎಂದಳು ನೇಹಾ. "ಪಟರ್ ತಗೋ. ಕೊನೇ ತಳ್ಳು ತಳ್ಳೋದು ಅದ್ರಲ್ಲೇ ತಾನೇ?"

ಪಟರ್ ಎಂದರೆ ಕುಳಿಯ ಹತ್ತಿರ, ನುಣ್ಣಗಿನ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ದಾಂಡು. ಮಗಳ ಮಾತಿನಲ್ಲಿ ಹುರುಳಿತ್ತು. ಆದರೆ ಸುಮತಿ ಆ ಪಟರನ್ನು ಹಿಂದೆಯೇ ಏರಿಸಿಕೊಂಡಿದ್ದಳು. ಅವಳು ದಾಂಡುಗಳ ಸಾಲನ್ನು ಬೆರಳಿನಿಂದ ಸರಿಸುತ್ತ ಹೋಗಿ, ಎಲ್ಲಕ್ಕಿಂತ ಕೊನೆಯಲ್ಲಿ ನಿಲ್ಲಿಸಿದಳು. ಅಗಲ ಮೂತಿಯ, ನೋಡಲು ಅಷ್ಟೇನೂ ಚೆಂದವಿಲ್ಲದ ಸ್ಯಾಂಡ್ ವೆಜ್ ಅದು. ಮೈದಾನದಲ್ಲಿ ಅಲ್ಲಲ್ಲಿ ತೋಡಿರುವ ಮರಳುಗುಂಡಿಗಳಿಗೆ ಚೆಂಡು ಬಿದ್ದರೆ ಅದನ್ನು ಎತ್ತಿ ಹೊರಗೆ ಹಾಕುವ ದಾಂಡು.

"ಇದು," ಎಂದಳು.

ಭೋಜರಾಜ ದೋಸೆ ತುಂಡನ್ನು ಚಟ್ನಿಯಲ್ಲೇ ಬಿಟ್ಟ. "ಎನ್ನಮ್ಮಾ ಇದು! ಬೀಳಬಾರದ ಜಾಗಕ್ಕೆ ಬಿದ್ರೆ ಬೇಕಾಗೋ ದಾಂಡಿಗೆ ಹೋಗಿ ಬಹುಮಾನ ಸುರೀತೀಯಾ? ಸರಿಯಾದ ಇನ್ಶೂರೆನ್ಸ್ ಬುದ್ಧಿ ನಿಂದು. ಬೀಳೋಕ್ ಮುಂಚೇನೇ ಬೀಳೋದ್ರ ಯೋಚ್ನೆ."

"ಬಿದ್ರೆ ಎದ್ದು ಬರೋಕಲ್ಲ ಕಣ್ರೀ. ಬೇಕೂಂತ್ಲೇ ಅಲ್ಲಿಗ್ ಹೋಗೋಕೆ."

"ಬೇಕೂಂತ್ಲೇ ಮರಳಿಗಾ?"

"ಹ್ಞೂಂ. ಎಲ್ರೂ ಮರಳಿಗೆ ಹೆದರ್ಕೊಂಡು ಸುತ್ತಿ ಬಳಸಿ ಆಡ್ತಾರೆ. ನಂಗೆ ಹೆದರಿಕೆ ಇಲ್ಲ ಅಂದ್ರೆ ಅಷ್ಟು ಜಾಗ ನಂಗೆ ಜಾಸ್ತಿ ಸಿಕ್ಕಿದ ಹಾಗೇ ಅಲ್ವಾ?"

ಭೋಜರಾಜ ಮಗಳ ಮುಖ ನೋಡಿದ. ಮಗಳು ಭುಜ ಕುಣಿಸಿದಳು. ಸುಮತಿ ಯಾರ ಒಪ್ಪಿಗೆಗೂ ಕಾಯದೆ ಗುಂಡಿ ಒತ್ತಿದಳು. ಫೋನು ಪಟಾಕಿ ಸದ್ದು ಮಾಡಿ, ದಾಂಡಿನ ಮೂತಿಗೆ ಬಂಗಾರದ ಬಣ್ಣ ಬಳಿಯಿತು.

"ಮುಡಿಂಜುದು, ಎಲ್ಲಾ ಮುಗೀತು," ಎಂದು ಭೋಜರಾಜ ಕೈ ತೊಳೆಯಲು ಎದ್ದ.

ತಿಂಡಿಯ ಪಾತ್ರೆಗಳನ್ನು ಸಿಂಕಿಗೆ ಹಾಕಿ ಸುಮತಿ ಅಭ್ಯಾಸದ ಮೈದಾನ ತೆರೆದಳು. ಹೊಸ ದಾಂಡಿನ ಮೊದಲ ಹೊಡೆತ ಕುಳಿಯನ್ನು ದಾಟಿ ಆಚೆ ಪೊದೆಗೆ ಹೋಯಿತು. ಎರಡನೆಯದೂ ಹಾಗೇ. ಒಂದು ಗಳಿಗೆ ಅವಳಿಗೆ ಗಂಡನ ಮುಖ ಕಣ್ಣಮುಂದೆ ಬಂತು. ಆಮೇಲೆ ಗೊತ್ತಾಯಿತು, ಹಳೆಯ ದಾಂಡಿಗೆ ಮರಳಿನಲ್ಲಿ ಅರ್ಧ ಬಲ ಸೋರಿಹೋಗುತ್ತಿತ್ತು, ಅದಕ್ಕೇ ಅವಳ ಬೆರಳು ಜಾಸ್ತಿ ಎಳೆಯುವುದನ್ನು ರೂಢಿ ಮಾಡಿಕೊಂಡಿತ್ತು. ಈ ದಾಂಡಿಗೆ ಮರಳೂ ಹುಲ್ಲೂ ಒಂದೇ. ಕಡಿಮೆ ಎಳೆದಳು. ಚೆಂಡು ಮೇಲೆದ್ದು ಕುಳಿಯ ಪಕ್ಕದಲ್ಲೇ ಬಿದ್ದು, ಹಿಂದಕ್ಕೆ ಒಂದು ಸುತ್ತು ಉರುಳಿ ನಿಂತಿತು. ಬೆರಳಿಗೆ ಅಳತೆ ಕೂರುವವರೆಗೂ ಆಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳು ಹಾಡು ಗುನುಗುತ್ತಾ ಹುಳಿಗೆ ತರಕಾರಿ ಹೆಚ್ಚುತ್ತಿದ್ದಳು.

ಸಂಜೆ ಭೋಜರಾಜ ಕೂಟದ ಸಭಾಂಗಣಕ್ಕೆ ಕುರ್ಚಿ ಜೋಡಿಸಲು ಹೋದ. ಮಂಜುನಾಥನೂ ಬಂದಿದ್ದ. ಟೀ ಕುಡಿಯುವಾಗ ಭೋಜರಾಜ ತಡೆಯಲಾರದೆ ಹೆಂಡತಿಯ ಹುಚ್ಚನ್ನು ಹೇಳಿಕೊಂಡುಬಿಟ್ಟ. ಹೇಳಿ ಮುಗಿಸಿದ ಮೇಲೇ ಅವನಿಗೆ ನೆನಪಾದದ್ದು, ಫೈನಲ್ಲಿಗೆ ಮೈದಾನ ಆರಿಸುವ ಹಕ್ಕು ಹಿಂದಿನ ವರ್ಷದ ಚಾಂಪಿಯನ್ನನದು ಎಂದು. ಮಂಜುನಾಥ್ ಟೀ ಲೋಟ ಕೆಳಗಿಟ್ಟು, ಆ ಆಟದಲ್ಲಿರುವ ಮೈದಾನಗಳಲ್ಲೇ ಅತಿ ಉದ್ದದ್ದನ್ನು ಅಲ್ಲೇ ಆರಿಸಿದ. ದೂರ ಹೊಡೆಯುವವನಿಗೆ ಸ್ವರ್ಗದಂಥ ಮೈದಾನ. ಅವನು ತನ್ನ ಬಹುಮಾನವನ್ನೂ ಡ್ರೈವರಿಗೇ ಸುರಿದಿದ್ದ.

ಭೋಜರಾಜ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ನಡೆದದ್ದನ್ನು ಒಪ್ಪಿಸಿದ. "ತಪ್ಪಾಯ್ತು ಸುಮತಿ. ಬಾಯಿ ಜಾರಿಬಿಡ್ತು."

"ಯಾವ ಮೈದಾನ ಅಂದ್ರಿ?"

ಅವನು ಹೆಸರು ಹೇಳಿದ. ಸುಮತಿಗೆ ಸಿಟ್ಟು ಬಂದಿತ್ತು, ಬರಲಿಲ್ಲವೆಂದಲ್ಲ. ಆದರೆ ಹೆಸರು ಕೇಳಿದ್ದೇ ಸಿಟ್ಟಿನ ಜಾಗದಲ್ಲಿ ನಗು ಬಂತು. "ಉದ್ದ ಇದ್ದಷ್ಟೂ ಮರಳು ಜಾಸ್ತಿ ಇರತ್ತೆ ಕಣ್ರೀ. ನೀವು ಊಟಕ್ಕೆ ಬನ್ನಿ."

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಇಬ್ಬರ ಫೋನುಗಳನ್ನೂ ಗೋಡೆಯ ಮೇಲಿನ ದೊಡ್ಡ ಪರದೆಗೆ ಜೋಡಿಸಿದ್ದರು. ಮುಂದಿನ ಸಾಲಿನಲ್ಲಿ ಕೂಟದ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತರಾದ ಅಪ್ಪಾಜಿ ಕೂತಿದ್ದರು. ಗಾಲ್ಫ್ ಎಂದರೆ ಏನೆಂದು ಅವರಿಗೆ ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ. ಪಕ್ಕದಲ್ಲಿದ್ದ ಮಂಜುನಾಥನ ಹೆಂಡತಿ ಪಾವನಾ ಅವರಿಗೆ ವಿವರಿಸುತ್ತಿದ್ದಳು: ಒಂಬತ್ತು ಕುಳಿ, ಒಟ್ಟಿನಲ್ಲಿ ಯಾರು ಕಡಿಮೆ ಹೊಡೆತಗಳಲ್ಲಿ ಚೆಂಡು ಹಾಕುತ್ತಾರೋ ಅವರು ಗೆದ್ದರು.

"ಕಮ್ಮಿ ಹೊಡೆದೋರು ಗೆದ್ರೇ? ಒಳ್ಳೇ ಆಟ," ಎಂದರು ಅಪ್ಪಾಜಿ.

ಮಂಜುನಾಥನ ಮೊದಲ ಹೊಡೆತಕ್ಕೇ ಸಭೆ 'ಓ' ಎಂದಿತು. ಚೆಂಡು ಆಕಾಶದಲ್ಲಿ ಎಷ್ಟು ಹೊತ್ತು ಹೋಯಿತೆಂದರೆ ಪರದೆಯ ಮೇಲಿನ ಮೋಡವೇ ಬದಲಾಯಿತು. ಸುಮತಿಯ ಚೆಂಡು ಬಹಳ ಹಿಂದೆ ಬಿತ್ತು. ಭೋಜರಾಜ ಹಣೆ ಒತ್ತಿಕೊಂಡ. ಮೊದಲ ಕುಳಿಯಲ್ಲೇ ಅವಳು ಒಂದು ಹೊಡೆತ ಹಿಂದೆ ಬಿದ್ದಳು.

ಆದರೆ ಆಟ ಸಾಗಿದಂತೆ ಬೇರೆಯದೇ ಒಂದು ವಿಷಯ ಕಾಣತೊಡಗಿತು. ಮಂಜುನಾಥ್ ಮರಳುಗುಂಡಿ ಕಂಡಲ್ಲೆಲ್ಲ ಅದರ ಬಳಿ ಸುಳಿಯದೆ ದೂರದಿಂದ ಬಳಸಿ ಬರುತ್ತಿದ್ದ. ಸುಮತಿ ಬಳಸಲಿಲ್ಲ. ಗುಂಡಿಯ ಅಂಚಿನಲ್ಲೇ ನೇರ ದಾರಿ ಹಿಡಿದಳು. ನಾಲ್ಕನೇ ಕುಳಿಯಲ್ಲಿ ಚೆಂಡು ಮರಳಿಗೆ ಬಿದ್ದೇ ಬಿತ್ತು. ಅವಳು ಮೆಲ್ಲಗೆ ಎತ್ತಿ ಕುಳಿಯ ಬಾಯಿಗೆ ತಂದಿಟ್ಟಳು. ಅಲ್ಲಿಗೆ ಇಬ್ಬರೂ ಸಮ ಆದರು. ಏಳನೆಯದರಲ್ಲಿ ಅವನು ಮುಂದಾದ, ಎಂಟನೆಯದರಲ್ಲಿ ಅವಳು ಮತ್ತೆ ಹಿಡಿದಳು. ಕೊನೆಯ ಕುಳಿಗೆ ಬಂದಾಗ ಲೆಕ್ಕ ಸಮಸಮ ಇತ್ತು. ಮಂಜುನಾಥ್ ಶರ್ಟಿನ ತೋಳು ಮಡಚಿಕೊಂಡ.

ಆ ಕೊನೆಯ ಕುಳಿ ಮೈದಾನದಲ್ಲೇ ಉದ್ದದ್ದು. ಹುಲ್ಲಿನ ಹಾದಿ ಒಂದು ಕೆರೆಯ ದಡದಲ್ಲಿ ಮುಗಿಯುತ್ತದೆ. ಕುಳಿ ಇರುವುದು ಕೆರೆಯ ಆಚೆ. ಎಡಗಡೆ, ಆಚೆ ದಡದಿಂದ ನೀರಿನೊಳಕ್ಕೆ ನಾಲಿಗೆಯ ಹಾಗೆ ಚಾಚಿಕೊಂಡ ಒಂದು ದೊಡ್ಡ ಮರಳುಗುಂಡಿ. ದೂರ ಹೊಡೆಯುವವರು ಎರಡೇ ಹೊಡೆತಕ್ಕೆ ಕೆರೆ ದಾಟುತ್ತಾರೆ. ಆಗದವರು ದಡದಲ್ಲಿ ನಿಂತು ಮೂರನೆಯದಕ್ಕೆ ದಾಟುತ್ತಾರೆ. ಮರಳಿಗೆ ಹೋಗುವ ಮಾತೇ ಇಲ್ಲ.

ಮಂಜುನಾಥನ ಚೆಂಡು ಎರಡು ಹೊಡೆತಕ್ಕೆ ಕೆರೆ ದಾಟಿ ಆಚೆಯ ನುಣ್ಣನೆ ಹುಲ್ಲಿನ ಮೇಲೆ ಬಿತ್ತು. ಚಪ್ಪಾಳೆ ಜೋರಾಗಿತ್ತು. ಬಿದ್ದದ್ದು ಹುಲ್ಲಿನ ಹಿಂಬದಿಯ ತುದಿಗೆ, ಕುಳಿಯಿಂದ ದೂರಕ್ಕೆ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಸುಮತಿ ಗಮನಿಸಿದಳು.

ಅವಳ ಮೊದಲ ಹೊಡೆತ ಹಾದಿಯ ನಡುವೆ ಬಿದ್ದಿತ್ತು. ಎರಡನೆಯದಕ್ಕೆ ಗುರಿಯ ಗುರುತನ್ನು ಎಡಕ್ಕೆ, ಇನ್ನೂ ಎಡಕ್ಕೆ ಎಳೆದು, ಆ ಮರಳಿನ ನಾಲಿಗೆಯ ನಟ್ಟನಡುವೆ ನಿಲ್ಲಿಸಿದಳು.

"ಅಮ್ಮಾ, ಅದು ಮರಳು!" ನೇಹಾ ಹಿಂದಿನಿಂದ ಕೂಗಿದಳು. ಗಾಬರಿಯಲ್ಲಿ ಅವಳ ಬಾಯಿಂದ ಅಚ್ಚ ಕನ್ನಡವೇ ಬಂದಿತ್ತು.

"ಗೊತ್ತು ಪುಟ್ಟಾ."

ಸೂಜಿ ನಡುಗೆರೆಗೆ ಬರುವವರೆಗೆ ಕಾದಳು. ಬಿಟ್ಟಳು. ಚೆಂಡು ಕೆರೆಯ ಮೂಲೆಯ ಮೇಲೆ ಹಾದು, ಮರಳಿನಲ್ಲಿ ದಪ್ಪೆಂದು ಬಿದ್ದು ಅಲ್ಲೇ ನಿಂತಿತು. ಸಭೆಯಲ್ಲಿ ಅಯ್ಯಯ್ಯೋ ಎಂಬ ಸದ್ದು. ಭೋಜರಾಜ ಮಾತ್ರ ಈಗ ಹಣೆ ಒತ್ತಿಕೊಳ್ಳದೆ, ಕುರ್ಚಿಯ ತುದಿಗೆ ಬಂದು ಪರದೆಯನ್ನೇ ನೋಡುತ್ತಿದ್ದ. ಹಿಂದಿನ ದಿನ ದೋಸೆಯ ಹೊತ್ತಿನಲ್ಲಿ ಹೆಂಡತಿ ಹೇಳಿದ ಮಾತು ಅವನಿಗೆ ಈಗ ಅರ್ಥವಾಗಿತ್ತು. ದಡದಲ್ಲಿ ನಿಂತಿದ್ದರೆ ಕುಳಿ ದೂರ, ನಡುವೆ ನೀರು. ಈಗ ಕುಳಿ ಹತ್ತಿರ, ನಡುವೆ ಏನೂ ಇಲ್ಲ.

ಸುಮತಿ ಬಂಗಾರದ ಮೂತಿಯ ದಾಂಡು ತೆಗೆದಳು. ಗಾಳಿಯ ಬಾಣ ನೋಡಿದಳು. ಕಡಿಮೆ ಎಳೆದಳು. ಚೆಂಡು ಮರಳಿನ ಹುಡಿ ಹಾರಿಸಿಕೊಂಡು ಮೇಲೆದ್ದು, ಕುಳಿಯ ಬಾವುಟ ದಾಟಿ ಬಿದ್ದು, ಯಾರೋ ಕರೆದ ಹಾಗೆ ಹಿಂದಕ್ಕೆ ಉರುಳಿಬಂದು, ಕುಳಿಯಿಂದ ಒಂದು ಹೆಜ್ಜೆ ದೂರದಲ್ಲಿ ನಿಂತಿತು. ನಾಲ್ಕನೆಯದಕ್ಕೆ ಅವಳು ಹಾಕುವುದು ಖಂಡಿತ.

ಈಗ ಮಂಜುನಾಥನ ಸರದಿ. ಎರಡು ತಳ್ಳುಗಳಲ್ಲಿ ಹಾಕಿದರೂ ಅವನದೂ ನಾಲ್ಕು, ಸಮ. ಆದರೆ ಸಮವಾಗುವುದು ಅವನಿಗೆ ಬೇಕಿರಲಿಲ್ಲ. ಒಂದೇ ತಳ್ಳಿಗೆ ಮುಗಿಸಲು ಹೊರಟ. ಡ್ರೈವರಿಗೇ ಎಲ್ಲವನ್ನೂ ಸುರಿಯುತ್ತ ಬಂದಿದ್ದರಿಂದ ಅವನ ಪಟರು ಆಟ ಶುರುಮಾಡಿದ ದಿನ ಸಿಕ್ಕಿದ್ದೇ ಆಗಿತ್ತು. ಚೆಂಡು ಎತ್ತ ಹೋಗುತ್ತದೆಂದು ತೋರಿಸುವ ಅದರ ಗುರಿಗೆರೆ ಗೇಣುದ್ದ. ಗೆರೆ ಮುಗಿದ ಮೇಲೆ ಅಂದಾಜು. ಚೆಂಡು ಕುಳಿಯ ಪಕ್ಕದಲ್ಲೇ ಜೋರಾಗಿ ಸರಿದು ಇಳಿಜಾರಿನಲ್ಲಿ ಮುಂದಕ್ಕೆ ಹೋಯಿತು. ವಾಪಸ್ ತಳ್ಳಿದ್ದು ಕುಳಿಯ ಅಂಚನ್ನು ಸವರಿ ಪಕ್ಕಕ್ಕೆ ನಿಂತಿತು. ಐದನೆಯದಕ್ಕೆ ಒಳಗೆ ಬಿತ್ತು.

ಸುಮತಿ ತನ್ನ ಚೆಂಡನ್ನು ಮೆಲ್ಲಗೆ ತಳ್ಳಿದಳು. ಕುಳಿಗೆ ಬಿದ್ದ ಟಣ್ ಎಂಬ ಸದ್ದು ಸ್ಪೀಕರಿನಲ್ಲಿ ಕೇಳುವ ಮೊದಲೇ ನೇಹಾ ಅವಳ ಕುತ್ತಿಗೆಗೆ ಜೋತುಬಿದ್ದಿದ್ದಳು.

"ಹೆಂಗಸು ಗೆದ್ಳೋ?" ಎಂದು ಅಪ್ಪಾಜಿ ಪಾವನಾಳನ್ನು ಕೇಳಿದರು.

"ಗೆದ್ರು ಸರ್," ಎಂದಳು ಪಾವನಾ, ಗಂಡ ಎದುರಿಗೇ ಇದ್ದರೂ ಸ್ವಲ್ಪ ಸಂತೋಷವಾಗಿಯೇ.

ಮಂಜುನಾಥ್ ಬಂದು ಕೈಕುಲುಕಿದ. "ಮೇಡಂ, ಆ ಮರಳಿಗೆ ನೀವು ಗುರಿ ಇಟ್ಟಾಗ ನಾನು ಗೆದ್ದೆ ಅಂದ್ಕೊಂಡೆ."

"ನಂಗೂ ಹಾಗೇ ಅನ್ನಿಸ್ತು ಸರ್, ನಾನು ಗೆದ್ದೆ ಅಂತ," ಎಂದಳು ಸುಮತಿ. ಅವನು ತಲೆಯಾಡಿಸಿ ನಕ್ಕ. ನಗು ಮೊದಲು ಸ್ವಲ್ಪ ಹುಳಿಯಾಗಿದ್ದರೂ ಆಮೇಲೆ ನಿಜವಾದದ್ದಾಯಿತು.

ಭೋಜರಾಜ ಹೆಂಡತಿಯ ಬಳಿಗೆ ಬರಲೇ ಇಲ್ಲ. ಸಿಕ್ಕಸಿಕ್ಕವರನ್ನು ಹಿಡಿದು ನಿಲ್ಲಿಸಿ, ಆ ಕೊನೆಯ ಹೊಡೆತಗಳನ್ನು ಕೈಯಾಡಿಸುತ್ತ ವಿವರಿಸುವುದಕ್ಕೇ ಅವನಿಗೆ ಹೊತ್ತು ಸಾಲದಾಗಿತ್ತು. ದೂರದಿಂದ ಅವನ ದನಿ ಸುಮತಿಗೆ ಕೇಳುತ್ತಿತ್ತು. "ಎಲ್ರೂ ಸುತ್ತಿ ಹೋಗ್ತಾರೆ ಪಾ. ನಮ್ಮನೇವ್ಳು ನೇರ ಹೋದ್ಳು!"

ಊಟದ ಪಂಕ್ತಿಯಲ್ಲಿ ಪಾವನಾ ಬಂದು ಸುಮತಿಯ ಪಕ್ಕದಲ್ಲೇ ಕೂತಳು. ಎಲೆಗೆ ಕೋಸಂಬರಿ ಬೀಳುವ ಮೊದಲೇ ತನ್ನ ಫೋನನ್ನು ತೆಗೆದು ಮುಂದಿಟ್ಟಳು. ಅವಳೂ ಗುಟ್ಟಾಗಿ ಆಡುತ್ತಿದ್ದಳಂತೆ. ಗಂಡನಿಗೆ ಗೊತ್ತಾದರೆ ಪಾಠ ಶುರುಮಾಡುತ್ತಾನೆ ಎಂದು ಹೇಳಿರಲಿಲ್ಲ.

"ನಂಗೂ ಒಂದು ಏರ್ಸೋ ಅವಕಾಶ ಬಂದಿದೆ ಅಕ್ಕ. ಯಾವುದಕ್ಕೆ ಹಾಕ್ಲಿ ಹೇಳಿ."

ಸುಮತಿ ಎಡಗೈಯಲ್ಲಿ ಫೋನು ತೆಗೆದುಕೊಂಡು ದಾಂಡುಗಳ ಸಾಲನ್ನು ನೋಡಿದಳು. "ನಾನು ಹೇಳಲ್ಲ. ನೀನು ಆಡು, ನಾನು ನೋಡ್ತೀನಿ. ಆಮೇಲೆ ನೀನೇ ಹೇಳ್ತೀಯ," ಎಂದಳು. ಅಷ್ಟರಲ್ಲಿ ಬಿಸಿಬೇಳೆಬಾತಿನ ಬಕೆಟ್ ಬಂತು. ಪಾವನಾ ಫೋನನ್ನು ವಾಪಸ್ ತೆಗೆದುಕೊಂಡು, ಬಡಿಸುವವನಿಗೆ ಸ್ವಲ್ಪ ಸಾಕು ಎಂದು ಕೈ ತೋರಿಸಿ, ಬೆರಳಿನಿಂದ ಚೆಂಡನ್ನು ಹಿಂದಕ್ಕೆಳೆದಳು.