ಗೋಡೆಯಾಚೆಯ ಸ್ಪೀಕರು

ಅವರು ಕಂಪ್ಯೂಟರಿನ ಒಂದು ಕೀಲಿಯನ್ನು ಒತ್ತಿದರು, ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ಅವರಿಗೆ ಆಶ್ಚರ್ಯವೂ ಆಗಲಿಲ್ಲ. ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಬರಿಯ ಸುಣ್ಣದ ಗೋಡೆಯ ಕಡೆಗೆ ಮುಖ ಮಾಡಿ, ತುಟಿಯೊಳಗೇ "ಒಂದು, ಎರಡು" ಎಂದರು. ಆಗ ಗೋಡೆ ಹಾಡತೊಡಗಿತು.

ನಾನು ಅವರನ್ನು ಮೊದಲ ಸಲ ಕಂಡದ್ದು ಹೀಗೆ. ಕಾಲೇಜಿನಲ್ಲಿ ಕೆಲಸ ಸಿಕ್ಕಿ ಎರಡು ದಿನವಾಗಿತ್ತು. ಮಹಡಿಯ ಕೋಣೆ ಬಾಡಿಗೆಗೆ ಇದೆ ಎಂಬ ಚೀಟಿ ನೋಡಿ, ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಅಂಕಪಟ್ಟಿಗಳ ಕಡತ ಹಿಡಿದು, ಸಂಜೆ ಸರಿಯಾಗಿ ಆರು ಗಂಟೆಗೆ ಅವರ ತೆರೆದ ಬಾಗಿಲಲ್ಲಿ ನಿಂತಿದ್ದೆ. ಬಾಡಿಗೆ ಕೋಣೆಗೆ ಅಂಕಪಟ್ಟಿ ಯಾಕೆ ಎಂದು ಕೇಳಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಆ ಕಾಗದ ಎಲ್ಲಿ ಬೇಕಾಗುತ್ತದೋ ನನಗೆ ತಿಳಿಯದು. ಅವರು ನನ್ನತ್ತ ತಿರುಗಲಿಲ್ಲ. ಎತ್ತಿದ ಬೆರಳನ್ನೇ ಸ್ವಲ್ಪ ಬಾಗಿಸಿ, ಕೂಡು ಎಂದು ಕುರ್ಚಿ ತೋರಿಸಿದರು. ಗೋಡೆಯ ಆಚೆಯಿಂದ ಒಂದು ಕೊಳಲೂ ಒಂದು ಪಿಟೀಲೂ ಕೇಳುತ್ತಿದ್ದವು. ನುಣುಪಾದ ಕಛೇರಿಯ ಸಂಗೀತವಲ್ಲ, ಮನೆಯೊಳಗಿನ ಅಭ್ಯಾಸ. ನಡುವೆ ವಾದ್ಯಗಳು ತಟ್ಟನೆ ನಿಂತು ಎರಡು ಎಳೆಯ ದನಿಗಳು ಜಗಳವಾಡಿದವು.

"ಓಡಬೇಡ್ವೋ. ನಿನ್ನ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ."

"ನೀನು ಊದೋವರೆಗೂ ಕಾಯ್ತಾ ಕೂತ್ರೆ ನನಗೆ ಮೀಸೆ ಬಂದ್ಬಿಡುತ್ತೆ ಕಣೋ ಅಣ್ಣ!"

ಮತ್ತೆ ನಗು, ಮತ್ತೆ ಕೊಳಲು. ಅರ್ಧ ಗಂಟೆಯ ಮೇಲೆ ಅದು ನಿಂತಾಗ ಅವರು ಕಂಪ್ಯೂಟರನ್ನು ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿ, ಆಗಷ್ಟೇ ನನ್ನನ್ನು ಕಂಡವರಂತೆ, "ಕೋಣೆ ಹತ್ತಡಿ ಎರಡಂಗುಲಕ್ಕೆ ಒಂಬತ್ತಡಿ. ಕಿಟಕಿ ಪೂರ್ವಕ್ಕೆ. ಸಾಕಾ?" ಎಂದರು. ಸಾಕು ಎಂದೆ. ಏಳು ವರ್ಷ ಅಲ್ಲಿದ್ದೆ.

ಭೂಮಾಪನ ಕಚೇರಿಯಲ್ಲಿ ನಕಾಶೆ ಬರೆಯುವುದು ಅವರ ಉದ್ಯೋಗ. ಬೀದಿಯವರಿಗೆಲ್ಲ ಅವರು 'ನಕಾಶೆಯವರು'. ತೆಳ್ಳಗಿನ ಆಳು, ಕಾಲನ್ನು ಎತ್ತಿಡುವಾಗ ನೆಲವನ್ನು ಅಳೆಯುತ್ತಿರುವಂಥ ನಡಿಗೆ, ಚರಂಡಿ ಎದುರಾದರೂ ಹೆಜ್ಜೆಯ ಉದ್ದ ಹೆಚ್ಚುಕಡಿಮೆಯಾಗದು, ಹಿಂದಕ್ಕೆ ಬಂದು ಲೆಕ್ಕ ಸರಿಮಾಡಿಕೊಂಡು ದಾಟುವರು. ಬೇಸಿಗೆಯಲ್ಲೂ ಬಿಡದ ಕಂದು ಕೋಟು, ಅದರ ಎಡತೋಳಿನ ಮೇಲೆ ಮಸಿ ಒರೆಸಿ ಒರೆಸಿ ಮೂಡಿದ ಒಂದು ಕಪ್ಪು ಸರೋವರ. ಚಹಾ ಚೆನ್ನಾಗಿದ್ದರೆ "ಅಳತೆಯಲ್ಲಿದೆ" ಎನ್ನುವರು. ಯಾರದೋ ಮಗು ಮುದ್ದಾಗಿದ್ದರೂ "ಅಳತೆಯಲ್ಲಿದೆ" ಎನ್ನುವರು. ಮದುವೆ ಆಗಿರಲಿಲ್ಲ. ಒಮ್ಮೆ ಸಲಿಗೆ ವಹಿಸಿ ಕೇಳಿದ್ದಕ್ಕೆ, "ಆಗೋಣ ಅಂದ್ಕೊಂಡೆ. ಅಂದ್ಕೊಳ್ಳೋದರಲ್ಲೇ ನಿಧಾನ ಆಯ್ತು" ಎಂದರು.

ಆ ಗೋಡೆಯ ಕಥೆಯನ್ನು ಅವರು ಎಂದೂ ಒಂದೇ ಸಲಕ್ಕೆ ಹೇಳಲಿಲ್ಲ. ಇವತ್ತೊಂದು ಮಾತು, ಇನ್ನೊಂದು ತಿಂಗಳಿಗೆ ಮತ್ತೊಂದು ಮಾತು. ನಾನು ಅವನ್ನೆಲ್ಲ ಜೋಡಿಸಿಕೊಂಡೆ. ಗೋಡೆಯ ಆಚೆ ಇದ್ದವರು ಅವರ ಒಡಹುಟ್ಟಿದ ತಮ್ಮ, ಕನ್ನಡಕ ಮಾಡುವವರು. ಅಣ್ಣ ಕೊಳಲು, ತಮ್ಮ ಪಿಟೀಲು. ಹುಡುಗರಾಗಿದ್ದಾಗಿನಿಂದ ಜೊತೆಗೆ ನುಡಿಸಿದವರು. ಆ ಅಭ್ಯಾಸಗಳನ್ನೆಲ್ಲ ಅವರ ತಂದೆ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಒಂದು ಸಂಜೆ ಮನೆ ತುಂಬ ನೆಂಟರು ಕುಳಿತಿದ್ದಾಗ ಅಣ್ಣ ನಡುವೆ ಕೊಳಲು ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಓಡ್ತಿದ್ದೀಯ" ಎಂದುಬಿಟ್ಟರು. ಎಳೆಯ ವಯಸ್ಸಿನಲ್ಲಿ ನಗು ತರಿಸಿದ ಮಾತು ನಲವತ್ತೈದನೆಯ ವಯಸ್ಸಿನಲ್ಲಿ ನಗು ತರಿಸಲಿಲ್ಲ. ತಮ್ಮ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟರು. ವಾರದೊಳಗೆ ಪಾಲಿನ ಮಾತು ಬಂತು.

ಪಾಲಿನ ನಕಾಶೆಯನ್ನು ಬರೆದವರು ಇವರೇ. ಕೂದಲೆಳೆಯ ಗೆರೆಯಲ್ಲಿ ಮನೆಯನ್ನು ಸೀಳಿ, ಬಾಗಿಲಿಗೆ ಬಾಗಿಲು, ಕಪಾಟಿಗೆ ಕಪಾಟು ಸರಿದೂಗಿಸಿದರು. ಎರಡು ಕಂಪ್ಯೂಟರುಗಳಿದ್ದವು, ತಲೆಗೊಂದು. ಕ್ಯಾಸೆಟ್ಟಿನ ಹಾಡುಗಳನ್ನೆಲ್ಲ ತುಂಬಿದ್ದು ಅಣ್ಣನದರಲ್ಲಿ. ಆದರೆ ಅದರ ದನಿ ಹೊರಡುವ ಕಿಂಡಿ ಎಂದೋ ಕೆಟ್ಟಿತ್ತು. ಎದೆಯೆತ್ತರದ ಜೋಡಿ ಸ್ಪೀಕರು ಇದ್ದದ್ದು ತಮ್ಮನದಕ್ಕೆ. ಆದ್ದರಿಂದ ಒಟ್ಟಿಗಿದ್ದ ಕಾಲದಲ್ಲೇ ತಮ್ಮ ಒಂದು ಏರ್ಪಾಡು ಮಾಡಿದ್ದರು: ಅಣ್ಣನ ಯಂತ್ರದಲ್ಲಿ ಹಾಡು ಹಚ್ಚಿದರೆ ಅದು ಮನೆಯ ಇಂಟರ್ನೆಟ್ ಪೆಟ್ಟಿಗೆಯ ಮೂಲಕ ಗಾಳಿಯಲ್ಲೇ ಹೋಗಿ ತಮ್ಮನ ಯಂತ್ರದ ಸ್ಪೀಕರಿನಲ್ಲಿ ನುಡಿಯುತ್ತಿತ್ತು. ಪಾಲಿನಲ್ಲಿ ಇವರ ಭಾಗಕ್ಕೆ ಮೂಕ ಹಾಡು ಬಂತು, ತಮ್ಮನ ಭಾಗಕ್ಕೆ ಹಾಡಿಲ್ಲದ ಬಾಯಿ ಬಂತು. ಅಷ್ಟೊಂದು ಅಳೆದವರು ಅದೊಂದನ್ನು ಅಳೆಯಲಿಲ್ಲ. ಗೋಡೆ ಅಟ್ಟದ ಮಟ್ಟಕ್ಕೆ ನಿಂತಿತು. ಅಟ್ಟದ ಮೇಲೆ ಕೂತ ಇಂಟರ್ನೆಟ್ ಪೆಟ್ಟಿಗೆ ಇಬ್ಬರಿಗೂ ಒಂದೇ ಆಗಿ ಉಳಿಯಿತು.

ಗೋಡೆ ಎದ್ದ ಒಂದು ತಿಂಗಳಿಗೆ, ಮೈಮರೆತು, ಹಳೆಯ ಅಭ್ಯಾಸದ ಮೇಲೆ ಇವರು ಕೀಲಿ ಒತ್ತಿದರಂತೆ. ಸುಣ್ಣ ಇನ್ನೂ ಹಸಿಯಾಗಿದ್ದ ಗೋಡೆಯ ಆಚೆಯಿಂದ ಕೊಳಲು ಕೇಳಿತು. ಈಗ ನಿಲ್ಲಿಸುತ್ತಾನೆ, ಈಗ ನಿಲ್ಲಿಸುತ್ತಾನೆ ಎಂದು ಕಾದರು. ತಮ್ಮ ನಿಲ್ಲಿಸಲಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಒತ್ತಿದರು. ಆಗಲೂ ನಿಲ್ಲಿಸಲಿಲ್ಲ. ನಾನು ಬರುವಷ್ಟರಲ್ಲಿ ಹೀಗೆ ನಾಲ್ಕು ವರ್ಷ ಕಳೆದಿದ್ದವು. ಅಣ್ಣತಮ್ಮಂದಿರ ನಡುವೆ ಇದ್ದ ಮಾತುಕತೆ ಎಂದರೆ ಆ ಕ್ಯಾಸೆಟ್ಟಿನೊಳಗಿನ ಹುಡುಗರ ಮಾತುಕತೆಯೊಂದೇ.

"ಒಂದು ಜೊತೆ ಸ್ಪೀಕರು ತಂದ್ಕೊಳ್ಳಿ ಸಾರ್, ಕಿಂಡೀನೂ ರಿಪೇರಿ ಮಾಡಿಸೋಣ" ಎಂದು ನಾನು ಅಂದದ್ದುಂಟು.

"ನನ್ನ ಮನೇಲಿ ಸ್ಪೀಕರು ಇದ್ರೆ ಅವನ ಮನೇದು ಯಾಕೆ ಬಾಯಿ ಬಿಡುತ್ತೆ?"

"ಹಾಗಾದ್ರೆ ಹಾಡುಗಳನ್ನ ಒಂದು ಪ್ರತಿ ಮಾಡಿ ಅವರಿಗೇ ಕೊಟ್ಟುಬಿಡಿ."

"ಪಾಲಿನ ಆಚೆ ಕೊಟ್ರೆ ದಾನ ಆಗುತ್ತಪ್ಪ. ಅವನು ತಗೊಳ್ಳೋನಲ್ಲ, ನಾನು ಕೊಡೋನಲ್ಲ."

ಗಾಳಿಯಲ್ಲಿ ಹೋಗುವ ಹಾಡಿಗೆ ಎರಡು ಎಣಿಕೆಯಷ್ಟು ತಡವಾಗುತ್ತದೆ. ಕೀಲಿ ಒತ್ತಿದ ಮೇಲೆ ಎಲ್ಲಿಯೂ ಇಲ್ಲದ ಎರಡು ಕ್ಷಣ: ಹಾಡು ಅಣ್ಣನ ಕೈ ಬಿಟ್ಟಿದೆ, ತಮ್ಮನ ಮನೆ ಸೇರಿಲ್ಲ. ತಮ್ಮನ ಪಿಟೀಲು ತಾಳಕ್ಕಿಂತ ಅರ್ಧ ಮಾತ್ರೆ ಮುಂದೆ ಓಡಿದ್ದಕ್ಕೆ ಮನೆಯನ್ನೇ ಒಡೆದುಕೊಂಡ ಮನುಷ್ಯ ಪ್ರತಿದಿನ ಬೆರಳೆತ್ತಿ ಆ ಎರಡು ಕ್ಷಣ ಕಾಯುವುದನ್ನು ಕಲಿತಿದ್ದರು. ಸಂಜೆಯ ಬೆಳಕು ಆ ಹೊತ್ತಿಗೆ ಕಿಟಕಿಯಿಂದ ಇಳಿದು ಮೇಜನ್ನು ದಾಟಿ ಗೋಡೆ ಹತ್ತುತ್ತಿತ್ತು. ಹಾಡು ಬೆಳಕಿನಿಂದಲೇ ಬರುತ್ತಿದೆಯೋ ಎನ್ನಿಸಿ, ಮಹಡಿಯಿಂದ ಇಳಿದು ಬಂದ ನಾನು ಬಾಗಿಲ ಬಳಿ ನಿಂತುಬಿಡುತ್ತಿದ್ದೆ. ಆಚೆ ಮನೆಯಲ್ಲಿ ತಮ್ಮನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದರು. ಆರು ಗಂಟೆಗೆ ಅವರ ಹೊಲಿಗೆ ಯಂತ್ರವೂ ಸದ್ದು ನಿಲ್ಲಿಸುತ್ತಿತ್ತು.

ನಾನು ಬಂದ ಮೂರನೆಯ ವರ್ಷದ ಒಂದು ಸಂಜೆ ಇವರು ಕೀಲಿ ಒತ್ತಿ, ಬೆರಳೆತ್ತಿ, ಎರಡು ಎಣಿಸಿದರು. ಮೂರು ಎಣಿಸಿದರು. ಹತ್ತರವರೆಗೆ ಎಣಿಸಿದರು. ಗೋಡೆ ಗೋಡೆಯಾಗಿಯೇ ಉಳಿಯಿತು. ಪರದೆಯ ಮೇಲೆ ಹಾಡು ಓಡುತ್ತಿರುವ ಗುರುತು ಇತ್ತು. ಎತ್ತಿದ ಬೆರಳನ್ನು ಇಳಿಸುವುದನ್ನೇ ಮರೆತು ಕೂತಿದ್ದರು.

"ಆ ಕಡೆ ಹೋಗಿ ಕೇಳಿ ಬರ್ಲಾ ಸಾರ್?"

"ಬೇಡ. ಅವನ ಸ್ಪೀಕರು, ಅವನಿಷ್ಟ. ಏಳು ವರ್ಷ ಕೇಳಿದ್ದೇ ದೊಡ್ಡದು."

ಮಾರನೆಯ ದಿನ ಮತ್ತೆ ಒತ್ತಿದರು, ಅದರ ಮಾರನೆಯ ದಿನವೂ. ಹನ್ನೊಂದು ದಿನ ಹೀಗೆ, ಕೇಳದ ಹಾಡಿಗೆ ಅರ್ಧ ಗಂಟೆ ಕಿವಿಗೊಟ್ಟು ಕೂತು, ಆಮೇಲೆ ಬಟ್ಟೆ ಹೊದಿಸಿ ಎದ್ದರು. ಊಟ ಅರೆಬರೆಯಾಯಿತು. ಕಚೇರಿಯಲ್ಲಿ ಒಂದು ಕೆರೆಯನ್ನು ಎಲ್ಲೆಯ ಹೊರಗೆ ಬರೆದು ಮೇಲಿನವರಿಂದ ಮಾತು ಕೇಳಿದರು. ಮೂವತ್ತು ವರ್ಷದಲ್ಲಿ ಅದೇ ಮೊದಲು. ಅವರಿಗೆ ಇದ್ದ ಹತ್ತಿರದ ಬಂಧು ಒಬ್ಬನೇ, ಆ ಬಂಧುವಿಗೂ ತಮಗೂ ಇದ್ದ ಎಳೆ ಒಂದೇ. ಅದನ್ನು ಆತನೇ ಕತ್ತರಿಸಿದ ಎಂದು ಅವರು ನಂಬಿಬಿಟ್ಟಿದ್ದರು.

ಹನ್ನೆರಡನೆಯ ದಿನ ತರಕಾರಿ ಅಂಗಡಿಯಲ್ಲಿ ತಮ್ಮನ ಹೆಂಡತಿ ನನ್ನನ್ನು ಅಡ್ಡಗಟ್ಟಿದರು.

"ಏನಪ್ಪ ಮೇಷ್ಟ್ರೇ, ನಿಮ್ಮ ನಕಾಶೆಯವರಿಗೆ ನಾವು ಅಷ್ಟು ಬೇಡವಾದ್ವಾ? ಹಾಡು ನಿಲ್ಲಿಸೇಬಿಟ್ರಲ್ಲ!"

"ನಿಲ್ಲಿಸಿದ್ದು ನೀವಲ್ವಾ ಅಕ್ಕ?"

"ನಾವಾ? ನಮ್ಮನೆಯವರು ಐದೂ ಮುಕ್ಕಾಲಿಗೇ ಕಂಪ್ಯೂಟರ್ ಹಚ್ಚಿ, ಆ ಸ್ಪೀಕರಿನ ಕಿವಿ ಹಿಂಡ್ತಾ ಕೂತಿರ್ತಾರೆ. ಅದರಲ್ಲಿ ಅವರಿಗೆ ಬೇರೆ ಇನ್ನೇನು ಕೆಲಸ ಇದೆ ಅಂದ್ಕೊಂಡ್ರಿ? ಏಳು ವರ್ಷದಿಂದ ಅದನ್ನ ಹಚ್ಚೋದೇ ಆ ಅರ್ಧ ಗಂಟೆಗೆ. ಭಾವನವರಿಗೆ ನಮ್ಮ ಮೇಲೆ ಮತ್ತೆ ಸಿಟ್ಟು ಬಂತು ಅಂತ ಮೂರು ದಿನದಿಂದ ಅಂಗಡೀನೂ ತೆಗೆದಿಲ್ಲ ಮಹಾರಾಯ!"

ಬದನೆಕಾಯಿಯನ್ನು ತಕ್ಕಡಿಯಲ್ಲೇ ಬಿಟ್ಟು ಮನೆಗೆ ಓಡಿದೆ. ತಪ್ಪು ಎಲ್ಲಿದೆ ಎಂದು ದಾರಿಯಲ್ಲೇ ಹೊಳೆದಿತ್ತು. ಇಂಟರ್ನೆಟ್ ನಿಧಾನವಾಯಿತೆಂದು ದೂರು ಕೊಟ್ಟು, ಹನ್ನೆರಡು ದಿನದ ಹಿಂದೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ತೆಗೆಸಿ ಹೊಸದನ್ನು ಹಾಕಿಸಿದವನು ನಾನೇ. ಆ ಪೆಟ್ಟಿಗೆ ಒಂದೊಂದು ಯಂತ್ರಕ್ಕೂ ಮನೆನಂಬರಿನ ಹಾಗೆ ಒಂದೊಂದು ನಂಬರು ಕೊಡುತ್ತದೆ. ಹೊಸ ಪೆಟ್ಟಿಗೆ ಹೊಸ ನಂಬರು ಕೊಟ್ಟಿತ್ತು. ಅಣ್ಣನ ಯಂತ್ರ ಮಾತ್ರ ತಮ್ಮನ ಹಳೆಯ ನಂಬರಿಗೇ, ಯಾರೂ ಇಲ್ಲದ ವಿಳಾಸಕ್ಕೆ, ದಿನವೂ ಹಾಡು ಕಳಿಸುತ್ತಿತ್ತು. ಸೇರಿತೋ ಇಲ್ಲವೋ ಎಂದು ಕಳಿಸುವ ಯಂತ್ರ ಕೇಳುವುದಿಲ್ಲ. ಕಳಿಸುವ ಮನುಷ್ಯರೂ ಕೇಳಿರಲಿಲ್ಲ.

ನಾನು ಎಲ್ಲವನ್ನೂ ಹೇಳಿ ಕ್ಷಮೆ ಬೇಡಿದೆ. ನಕಾಶೆಯವರು ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಿದರು.

"ಅವನ ಹೊಸ ನಂಬರು ತಿಳೀಬೇಕಾದ್ರೆ?"

"ಅವರ ಕಂಪ್ಯೂಟರ್ ನೋಡ್ಬೇಕು ಸಾರ್. ಐದು ನಿಮಿಷ, ನಾನು ಹೋಗಿ ಬರ್ಕೊಂಡು ಬರ್ತೀನಿ."

"ನೀನು ಕೂತ್ಕೋ" ಎಂದು ಕೋಟು ತೊಟ್ಟರು, ಜೇಬಿಗೆ ಪೆನ್ನು ಸಿಕ್ಕಿಸಿದರು, ಮತ್ತೆ ತೆಗೆದು ಅದರಲ್ಲಿ ಮಸಿ ಇದೆಯೇ ಎಂದು ಅಂಗೈ ಮೇಲೆ ಗೀಚಿ ನೋಡಿದರು. ಪಕ್ಕದ ಮನೆಗೆ ಹೋಗುವುದಕ್ಕೆ ಅಷ್ಟು ಸಿದ್ಧತೆ ಮಾಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ಕೂತ್ಕೋ ಎಂದರೂ ನಾನು ಹಿಂದೆಯೇ ಹೋಗಿ ಗೇಟಿನಲ್ಲಿ ನಿಂತೆ. ಬಾಗಿಲು ತೆರೆದವರು ತಮ್ಮನೇ. ಅದೇ ಮೂಗು, ಅದೇ ಬಾಗು ಬೆನ್ನು; ಒಬ್ಬರನ್ನೇ ಎರಡು ಸಲ ಬರೆದ ಹಾಗಿತ್ತು. ಇಬ್ಬರೂ ಒಬ್ಬರ ಪಾದವನ್ನೊಬ್ಬರು ನೋಡುತ್ತ ನಿಂತರು.

"ನಿನ್ನ ನಂಬರು ಬದಲಾಗಿದೆಯಂತೆ" ಎಂದರು ಅಣ್ಣ.

"ನಾನೇನೂ ಬದಲಾಯಿಸಿಲ್ಲ."

"ನಾನೂ ನಿಲ್ಲಿಸಿಲ್ಲ. ದಿನಾ ಹಾಕ್ತಿದ್ದೆ."

"ನಂಗೇನು ಗೊತ್ತು" ಎಂದರು ತಮ್ಮ, ಹುಡುಗರು ಅನ್ನುವ ಹಾಗೆ.

ಒಳಗಿನಿಂದ ಹೆಂಡತಿಯ ದನಿ ಬಂತು: "ಹೊಸ್ತಿಲ ಮೇಲೆ ನಿಂತ್ಕೊಂಡು ನಂಬರು ಗೊತ್ತಾಗುತ್ತಾ? ಒಳಗೆ ಬನ್ನಿ ಭಾವ. ನಾನೇನು ಗೋಡೆ ಕಟ್ಟಿದವಳಲ್ಲ!"

ಅವರು ಒಳಗೆ ಹೋದರು. ನಾನು ಹಿಂತಿರುಗಿದೆ. ನಂಬರು ಬರೆದುಕೊಳ್ಳಲು ಐದು ನಿಮಿಷ ಸಾಕು. ನಕಾಶೆಯವರಿಗೆ ಎರಡು ಗಂಟೆ ಹಿಡಿಯಿತು. ಬಂದವರು ಅಂಗೈ ಚಾಚಿ ತೋರಿಸಿದರು. ಕಾಗದ ಮರೆತು ಹೋಗಿದ್ದರಿಂದ ನಂಬರು ಅಂಗೈ ಮೇಲೆಯೇ ಇತ್ತು. ಅದು ಅವರ ಕೈಬರಹವಾಗಿರಲಿಲ್ಲ.

ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಿಬ್ಬರು ಇರುತ್ತಾರೆ. ಬಾ ಎಂದು ಕರೆಯಲು ಬಾಯಿ ಬಾರದು, ಆದರೆ ಅಗುಳಿ ಹಾಕದೆ ಬಾಗಿಲನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಪ್ರೀತಿಯನ್ನೂ ಹಕ್ಕಿನ ಹಾಗೆ ಗೆರೆ ಕೊರೆದು ಇಟ್ಟುಕೊಳ್ಳುತ್ತಾರೆ, ಆ ಗೆರೆಯನ್ನು ತಾವು ದಾಟದೆ ತಮ್ಮ ದನಿಯನ್ನು ಮಾತ್ರ ದಾಟಿಸುತ್ತಾರೆ. ಅವರನ್ನು ಕಲ್ಲೆದೆಯವರು ಎಂದು ತಿಳಿಯುವುದು ನಮ್ಮ ಅವಸರ. ಅವರ ಕಷ್ಟವೆಂದರೆ ಇಷ್ಟೇ: ಎದುರಿನವರು ಸುಮ್ಮನಿದ್ದರೆ ಅದನ್ನೇ ಉತ್ತರವೆಂದು ಒಪ್ಪಿಕೊಂಡುಬಿಡುತ್ತಾರೆ, ಕೇಳಿಸಿತೇ ಎಂದು ಒಂದು ಸಲ ಹೋಗಿ ಕೇಳುವುದು ಅವರಿಗೆ ಬೆಟ್ಟ ಹತ್ತಿದಷ್ಟು ದಣಿವಿನ ಕೆಲಸ. ಎಷ್ಟೋ ಮನೆಗಳಲ್ಲಿ ಯಾರೂ ಹತ್ತದೆ ಆ ಬೆಟ್ಟ ಹಾಗೆಯೇ ಉಳಿದಿದೆ.

ನಕಾಶೆಯವರು ಈಗ ನಿವೃತ್ತರು. ಹಗಲು ಹೊತ್ತು ಕಚೇರಿಯ ಹೊಸಬರಿಗೆ ಗೆರೆ ಎಳೆಯುವುದನ್ನು ಹೇಳಿಕೊಡುತ್ತಾರೆ. ಸಂಜೆ ಆರು ಗಂಟೆಗೆ ತಮ್ಮ ಕಂಪ್ಯೂಟರಿನಲ್ಲಿ ಹಾಡು ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು, ತಮ್ಮನ ಮನೆಗೆ ಹೋಗಿ ಕೂತು ಕೇಳುತ್ತಾರೆ.