ಬಾಯೊಳಗಿನ ಹೆಸರು

ಶಿವಮೊಗ್ಗದಲ್ಲಿ ತುಂಗೆಯ ದಂಡೆಗೆ ಹತ್ತಿರ ಒಂದು ಚಿಕ್ಕ ದರ್ಗಾ ಇದೆ. ಅಲ್ಲಿಯ ಉರುಸಿಗೆ ಗಂಧ ತೇಯ್ದು ಒಯ್ಯುವುದು ಭದ್ರಾವತಿಯ ನಮ್ಮ ಮನೆಯ ತಾಯಂದಿರ ಸೇವೆ. ತೇಯುವುದಕ್ಕೂ ಒಂದು ಕ್ರಮವಿದೆ. ಕೊರಡನ್ನು ಕಲ್ಲಿನ ಮೇಲೆ ಸುತ್ತಿಸುವಾಗ ಒಳಗೆ ಹೋಗುವ ಉಸಿರಿನಲ್ಲಿ ಅಲ್ಲಾಹನ ಹೆಸರು, ಹೊರಗೆ ಬರುವ ಉಸಿರಿನಲ್ಲಿ ಹೆತ್ತ ಮಗುವಿನ ಹೆಸರು. ಎರಡೂ ಬಾಯೊಳಗೇ, ಪಕ್ಕದಲ್ಲಿ ಕೂತವರಿಗೂ ಕೇಳಬಾರದು.

"ನಮ್ಮದು ಅಂತ ಹಿಡ್ಕೊಂಡಿದ್ದನ್ನ ಅವನಿಗೆ ಒಪ್ಪಿಸೋದು, ಅಷ್ಟೇ" ಎನ್ನುತ್ತಿದ್ದರು ನನ್ನ ಅಬ್ಬಾ ಮೆಹಬೂಬ್ ಸಾಬ್. ಗುರುವಾರ ಸಂಜೆಯ ಜಿಕ್ರ್, ಎಲ್ಲರೂ ಕೂತು ಮಾಡುವ ಅಲ್ಲಾಹನ ನಾಮಸ್ಮರಣೆ, ಒಮ್ಮೆಯೂ ತಪ್ಪಿಸದ ಮನುಷ್ಯ. ಈಗ ಅವರಿಲ್ಲ.

ಅಬ್ಬಾ ಹೇಳಿದ್ದರ ಮೇಲೆ ಅವರ ತಾಯಿ, ನನ್ನ ದಾದಿ, ತನ್ನದೊಂದು ಬೀಗ ಜಡಿದಿದ್ದಳು. ಮಗುವನ್ನು ಮಣ್ಣಿಗೆ ಕೊಟ್ಟವಳು ಮತ್ತೆ ಮಡಿಲು ತುಂಬುವವರೆಗೆ ಕಲ್ಲು ಮುಟ್ಟಕೂಡದು. ತುಂಬಿದ ಮೇಲೂ ಸತ್ತ ಮಗುವಿನ ಹೆಸರನ್ನು ಕಲ್ಲಿನ ಮುಂದೆ ನೆನೆಯಕೂಡದು. ನೆನೆದರೆ ಮನೆಯಲ್ಲಿ ಬದುಕಿರುವವರಿಗೆ ಆಪತ್ತು. ದಾದಿ ಸತ್ತಳು, ಬೀಗ ಮಾತ್ರ ಗಟ್ಟಿಯಾಗಿ ಉಳಿಯಿತು.

ನಾನು ನವುಲೆಯ ಕೃಷಿ ಕಾಲೇಜಿನ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡುವವಳು. ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ. ಆದರೂ ಗಂಧದ ದಿನ ರಜೆ ಹಾಕಿ ಮನೆಯಲ್ಲಿರುತ್ತೇನೆ. ಮದುವೆಯಾಗದ ನನಗೆ ಕಲ್ಲಿಗೆ ನೀರು ಹನಿಸುವ ಕೆಲಸ. ಅಬ್ಬಾ ಕಲಿಸಿದ ಆ ಉಸಿರಿನ ಮೇಲೆ ನನಗೆ ನಂಬಿಕೆಯಿದೆ. ಬೀಗದ ಮೇಲೆ ಮಾತ್ರ ಸಿಟ್ಟು.

ಈ ವರ್ಷ ನನ್ನ ಅಣ್ಣ ರಿಜ್ವಾನನ ಹೆಂಡತಿ ಇರಂ ಭಾಬಿ ಮೊದಲ ಸಲ ಕಲ್ಲಿನ ಮುಂದೆ ಕೂರಬೇಕಿತ್ತು. ಬಸುರಿಯಾದಾಗಿನಿಂದ ಅದನ್ನೇ ಹೇಳುತ್ತಿದ್ದಳು. ರಂಜಾನಿಗೆ ಮುಂಚೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿ, ಒಂದು ರಾತ್ರಿ ಬದುಕಿ, ಹೋಯಿತು. ರಕ್ತ ನಿಲ್ಲದೆ ಭಾಬಿಯ ಗರ್ಭಕೋಶವನ್ನೂ ತೆಗೆದರು. ಅಂದರೆ ದಾದಿಯ ಮಾತಿನಂತೆ ಅವಳು ಸಾಯುವತನಕ ಕಲ್ಲು ಮುಟ್ಟುವಂತಿಲ್ಲ. ಹೆಸರಿಡುವ ಅಕೀಕಾಕ್ಕೆ ಮೊದಲೇ ಹೋದ ಮಗುವನ್ನು ಮನೆಯಲ್ಲಿ "ಅದು" ಎನ್ನುತ್ತಿದ್ದರು. ಬರಬರುತ್ತಾ ಅದನ್ನೂ ಬಿಟ್ಟರು.

ಗಂಧದ ದಿನ ಬೆಳಿಗ್ಗೆ ಅಮ್ಮಿ ನಡುಮನೆಯಲ್ಲಿ ಚಾಪೆ ಹಾಸಿ ಕಲ್ಲು ತೊಳೆದಿಟ್ಟಳು. ಭಾಬಿ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಆಗಲೇ ತೊಳೆದ ಅಕ್ಕಿಯನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಹೋಗಿ ಅವಳ ರಟ್ಟೆ ಹಿಡಿದೆ.

"ಬಾ ಭಾಬಿ, ಕೂತ್ಕೋ."

"ಬೇಡ ಅಂಬ್ರೀನ್. ಇವ್ರು ದಿನಾ ಸಿಟಿ ಬಸ್ ಓಡಿಸೋರು. ನನ್ನ ಕೈ ತಾಗಿ ಇವ್ರಿಗೇನಾದ್ರೂ ಆದ್ರೆ?"

"ದಾದಿ ಏನು ಖುದಾನ ಸೆಕ್ರೆಟರಿನಾ? ಅವಳು ಹೇಳಿದ ಹಾಗೆಲ್ಲ ನಡೆಯೋಕೆ?"

ಭಾಬಿ ನಗಲಿಲ್ಲ. "ನಂಗೆ ಕೂರೋಕೆ ಆಸೆ ಇಲ್ಲ ಅಂದ್ಕೊಂಡ್ಯಾ?" ಎಂದಳು. ಕಣ್ಣೀರು ಅಕ್ಕಿಯ ನೀರಿಗೆ ಬಿತ್ತು. ಹಿಡಿದಿದ್ದ ರಟ್ಟೆ ಬಿಟ್ಟೆ.

ನಡುಮನೆಯಲ್ಲಿ ಕೊರಡು ಕಲ್ಲಿಗೆ ತಾಗಿದ ಸದ್ದಾಯಿತು. ಅದರ ಜೊತೆಗೇ, ಯಾವತ್ತೂ ಕೇಳಿಸದ ಅಮ್ಮಿಯ ದನಿ.

"ಅಲ್ಲಾಹ್... ವಸೀಂ."

ನಮ್ಮ ಮನೆಯಲ್ಲಿ ವಸೀಂ ಎಂಬುವವರು ಯಾರೂ ಇಲ್ಲ.

"ಅಲ್ಲಾಹ್... ರಿಜ್ವಾನ್. ಅಲ್ಲಾಹ್... ಅಂಬ್ರೀನ್."

ನಾವಿಬ್ಬರೂ ಬಾಗಿಲಿಗೆ ಬಂದೆವು. ಅಮ್ಮಿ ತಲೆಯೆತ್ತದೆ ತೇಯುತ್ತಲೇ ಮಾತಾಡಿದಳು.

"ರಿಜ್ವಾನ್‌ಗಿಂತ ಮುಂಚೆ ಒಬ್ಬ ಇದ್ದ. ಶಿವಮೊಗ್ಗದಲ್ಲಿ, ನನ್ನ ತವರಲ್ಲಿ ಹುಟ್ಟಿ ಅಲ್ಲೇ ಹೋದ. ಅವನನ್ನ ಲೆಕ್ಕಕ್ಕೆ ಹಿಡೀಬೇಡ ಅಂದ್ರು ನಿಮ್ಮ ದಾದಿ. ಹೂಂ ಅಂದೆ. ಆದ್ರೆ ಕಲ್ಲಿನ ಮುಂದೆ ಕೂತ್ರೆ ಅವನ ಹೆಸರೇ ಮೊದ್ಲು ಬರೋದು, ತಡೆಯೋಕೆ ಆಗ್ತಿರ್ಲಿಲ್ಲ. ಬಂದ ಮೇಲೆ ಜೀವ ಪುಕಪುಕ ಅನ್ನೋದು. ತೇಯೋದು ಮುಗಿಸಿ ಓಡಿ ಬಂದು ನಿಮ್ಮಿಬ್ರ ಹಣೆ ಮುಟ್ಟಿ ನೋಡ್ತಿದ್ದೆ, ಜ್ವರ ಬಂದಿದ್ಯಾ ಅಂತ."

ಆ ಕೈ ನನಗೆ ಗೊತ್ತು. ಪ್ರತಿ ಉರುಸಿಗೂ ಒದ್ದೆ ಗಂಧದ ಬೆರಳು ಹಣೆಗೆ ಒತ್ತಿ ಬಹಳ ಹೊತ್ತು ತೆಗೆಯುತ್ತಿರಲಿಲ್ಲ. ದುವಾ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಕಣ್ಣು ಮುಚ್ಚಿ ನಿಂತಿರುತ್ತಿದ್ದೆ. ಅದು ಹೆದರಿಕೆಯಾಗಿತ್ತು.

"ಏನೂ ಆಗ್ಲಿಲ್ವಾ ಅಮ್ಮಿ?" ಭಾಬಿ ಕೇಳಿದಳು.

"ಏನಾಗುತ್ತೆ? ಕತ್ತೆಗಳ ಹಾಗೆ ಬೆಳೆದು ನಿಂತಿದ್ದಾರೆ ಇಬ್ರೂ. ಆದ್ರೂ ಹೆದರೋದು ಬಿಡ್ಲಿಲ್ಲ ನೋಡು ನಾನು. ನೀನು ಹಂಗೆ ಬದುಕ್ಬೇಡ. ಬಾ, ಕೂತ್ಕೋ."

ಭಾಬಿ ಕೈ ಒರೆಸಿಕೊಂಡು ಬಂದು ಕೂತಳು. ನಾನು ನೀರು ಹನಿಸಿದೆ. ಅವಳು ಕೊರಡು ಸುತ್ತಿಸಿದಳು. ಉಸಿರು ಒಳಗೆ ಹೋಯಿತು. ಹೊರಗೆ ಬರುವಾಗ ಕೊರಡು ನಿಂತಿತು.

"ಈಗಾದ್ರೂ ಒಂದು ಹೆಸರಿಡು ಬೇಟಾ" ಎಂದಳು ಅಮ್ಮಿ.

"ಇಟ್ಟಿದ್ದೀನಿ ಅಮ್ಮಿ. ಆಸ್ಪತ್ರೆಲೇ ಇಟ್ಟೆ. ಯಾರೂ ಕೇಳ್ಲಿಲ್ಲ."

ನಿಜ, ಯಾರೂ ಕೇಳಿರಲಿಲ್ಲ.

"ಸನೋಬರ್" ಎಂದಳು ಭಾಬಿ. ಆಮೇಲೆ ಕೊರಡು ನಿಲ್ಲಲಿಲ್ಲ. ಪ್ರತಿ ಸುತ್ತಿಗೂ ಗಟ್ಟಿಯಾಗಿ, ಅಳುತ್ತ, ಅದೇ ಹೆಸರು. ಅಮ್ಮಿ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು.

ಮಧ್ಯಾಹ್ನ ಗಂಧದ ಬಟ್ಟಲಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ದರ್ಗಾದ ಮುಂದೆ ಕಾಯುತ್ತಿದ್ದ ರಿಜ್ವಾನ್ ಬಟ್ಟಲನ್ನು ಒಳಗೆ ಕೊಟ್ಟು ಬಂದ. ಮಕ್ಕಳ ಹಣೆಗೆಂದು ಎತ್ತಿಟ್ಟಿದ್ದ ಒಂದಿಷ್ಟು ಗಂಧ ಪುಟ್ಟ ಡಬ್ಬಿಯಲ್ಲಿತ್ತು. ಅಮ್ಮಿ ನನ್ನ ಹಣೆಗೆ, ಅಣ್ಣನ ಹಣೆಗೆ ಹಚ್ಚಿದಳು. ಭಾಬಿಯೂ ಬೆರಳು ಅದ್ದಿದಳು. ಹಚ್ಚಲು ಯಾರೂ ಇರಲಿಲ್ಲ.

ದರ್ಗಾದ ಹಿಂದೆಯೇ ಕಬರಸ್ತಾನ; ಮಗುವನ್ನು ಆಸ್ಪತ್ರೆಯಿಂದ ಅಣ್ಣ ಅಲ್ಲಿಗೇ ಒಯ್ದಿದ್ದ. ನಮ್ಮ ಮನೆಯ ಹೆಂಗಸರು ಅದರೊಳಗೆ ಕಾಲಿಟ್ಟವರಲ್ಲ. ಅಮ್ಮಿ ತಾನೇ ಹೋಗಿ ಗೇಟು ತೆಗೆದು, "ರಿಜ್ವಾನ್, ಜಾಗ ತೋರ್ಸು" ಎಂದಳು. ಅಣ್ಣ ಮುಂದೆ ನಡೆದ. ಮೊಣಕೈಯುದ್ದದ ಮಣ್ಣಿನ ದಿಬ್ಬ, ಮೇಲೆ ಆಗಲೇ ಹುಲ್ಲು. ಭಾಬಿ ಮಂಡಿಯೂರಿ ಅದರ ತಲೆಯ ಕಡೆ ಬೆರಳು ಒತ್ತಿದಳು. ಜ್ವರ ನೋಡುವವಳಂತೆ ಅಂಗೈಯನ್ನು ಅಲ್ಲೇ ಇಟ್ಟುಕೊಂಡಳು.

"ವಸೀಂ ಎಲ್ಲಿ ಅಮ್ಮಿ?" ನಾನು ಮೆಲ್ಲಗೆ ಕೇಳಿದೆ.

ಅಮ್ಮಿ ಸುತ್ತ ನೋಡಿದಳು. ಹಳೆಯ ಪುಟ್ಟ ದಿಬ್ಬಗಳೆಲ್ಲ ಕರಗಿ ನೆಲ ಸಮವಾಗಿತ್ತು.

"ಇದೇ ಕಬರಸ್ತಾನಕ್ಕೆ ಅಂತ ನಿಮ್ಮ ಅಬ್ಬಾ ಎತ್ಕೊಂಡು ಹೋದ್ರು. ನಾನು ತವರಿನ ಬಾಗಿಲಲ್ಲಿ ನಿಂತಿದ್ದೆ. ಎಲ್ಲಿ ಇಟ್ರಿ ಅಂತ ಕೇಳೋಕೆ ಕೊನೇವರೆಗೂ ಧೈರ್ಯ ಬರ್ಲಿಲ್ಲ."

ಅವಳ ಬೆರಳಿನ ಗಂಧ ಒಣಗುತ್ತಿತ್ತು. ಅಲ್ಲೊಂದು ಕಡೆ, ಇಲ್ಲೊಂದು ಕಡೆ ನಡೆದು ನೋಡಿದಳು. ಕೊನೆಗೆ ನಿಂತಲ್ಲೇ ಕುಸಿದು ಕೂತು, ಬರೀ ನೆಲಕ್ಕೆ ಬೆರಳೊತ್ತಿದಳು.

"ಇಲ್ಲೇ ಎಲ್ಲೋ ಇದ್ದಾನೆ" ಎಂದಳು. ಕೈ ಎತ್ತಲಿಲ್ಲ.