ತೂಕದಜ್ಜ ಕಲಿತ ಸಪ್ಪೆ ತಿಂಡಿ

ನಾವು ಊಟಕ್ಕೆ ಕೂತ ಕೂಡಲೇ ನಾಯಿ ಬಂದು ಪಕ್ಕದಲ್ಲಿ ಕೂರುತ್ತದೆ. ಬೊಗಳುವುದಿಲ್ಲ, ಕುಂಯ್ ಅನ್ನುವುದಿಲ್ಲ, ಸುಮ್ಮನೆ ನಮ್ಮ ತಟ್ಟೆಯನ್ನೊಮ್ಮೆ ಮುಖವನ್ನೊಮ್ಮೆ ನೋಡುತ್ತದೆ. ಆ ನೋಟಕ್ಕೆ ಕರಗದವರು ಯಾರಿದ್ದಾರೆ ಹೇಳಿ? ತೂಕದಜ್ಜ ಅಂತೂ ಮೊದಲ ತುತ್ತು ಬಾಯಿಗಿಡುವ ಮುಂಚೆಯೇ ಕರಗಿಬಿಡುತ್ತಿದ್ದರು.

ತೂಕದಜ್ಜ ಎಂದರೆ ಬೀದಿಯ ಕೊನೆಯಲ್ಲಿರುವ ಮಾಂಸದಂಗಡಿಯ ಹಳೆಯ ಯಜಮಾನರು. ನಲವತ್ತು ವರ್ಷ ಕತ್ತಿ ಹಿಡಿದ ಕೈ. ಮಾಂಸವನ್ನು ಅಂಗೈಯಲ್ಲಿ ಎತ್ತಿ ಹಿಡಿದು, ತಕ್ಕಡಿಗೆ ಹಾಕುವ ಮೊದಲೇ ಇಷ್ಟೇ ತೂಕ ಎಂದು ಹೇಳಿಬಿಡುತ್ತಿದ್ದರು. ಹೆಸರು ಬಂದದ್ದು ಹಾಗೆ. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಅಜ್ಜನಿಗೆ ಉಳಿದದ್ದು ಎರಡೇ ಕೆಲಸ, ಪತ್ರಿಕೆ ಓದುವುದು ಮತ್ತು ದೊರೆಯನ್ನು ಮುದ್ದು ಮಾಡುವುದು.

ದೊರೆ ಅವರ ನಾಯಿ. ಒಂಬತ್ತು ವರ್ಷದ, ಕಂದು ಬಣ್ಣದ, ಒಂದು ಕಿವಿ ಮಾತ್ರ ನೆಟ್ಟಗೆ ನಿಲ್ಲುವ ನಾಯಿ. ಅಜ್ಜನ ಹೆಂಡತಿ ಅದನ್ನು ಮರಿಯಿದ್ದಾಗ ತರಕಾರಿ ಚೀಲದಲ್ಲಿ ಹಾಕಿಕೊಂಡು ತಂದಿದ್ದರು. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಆಮೇಲೆ ಆ ಮನೆಯಲ್ಲಿ ಅಜ್ಜ ಹೇಳುವ ಹಳೆಯ ಕಥೆಗಳನ್ನು ಆಕಳಿಸದೆ ಕೇಳುವವನು ದೊರೆಯೊಬ್ಬನೇ.

ಮನೆಯಲ್ಲಿ ಮಾಂಸ ಬೆಂದ ದಿನ ಅಜ್ಜ ತಮ್ಮ ತಟ್ಟೆಯ ಮೂಳೆಗಳನ್ನು ಎತ್ತಿಟ್ಟುಕೊಂಡು, ಎದ್ದು ಹೋಗಿ ನಲ್ಲಿಯಲ್ಲಿ ಚೆನ್ನಾಗಿ ತೊಳೆದು, ದೊರೆಯ ಮುಂದೆ ಇಡುತ್ತಿದ್ದರು. ಸೊಸೆಗೆ ಇದು ಹಿಡಿಸುತ್ತಿರಲಿಲ್ಲ. ಆಕೆ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ನು.

"ಮಾವ, ಅದಕ್ಕೆ ಅದರ ಊಟ ಹಾಕಿದ್ದೀನಲ್ಲ."

"ಖಾರ ತೊಳೆದೇ ಕೊಟ್ಟಿದ್ದೀನಿ ಕಣಮ್ಮ. ನೀನು ಗುಂಡಿ ಹೊಲಿ, ನಾಯಿ ವಿಚಾರ ನನಗೆ ಬಿಡು."

ಹೀಗೇ ನಡೆಯುತ್ತಿತ್ತು. ಒಂದು ದಿನ ದೊರೆ ತನ್ನ ತಟ್ಟೆಯ ಹತ್ತಿರ ಬರಲೇ ಇಲ್ಲ. ಎರಡು ಸಲ ವಾಂತಿ ಮಾಡಿದ. ಹಿತ್ತಲಿನಲ್ಲಿ ತಿಣುಕಿ ತಿಣುಕಿ ಸುಸ್ತಾಗಿ ಬಂದು ಅಜ್ಜನ ಮಂಚದ ಕೆಳಗೆ ಮಲಗಿದ. ಕರೆದರೆ ಬಾಲ ಸಹ ಅಲ್ಲಾಡಲಿಲ್ಲ. ಅಜ್ಜನ ಜೀವ ಬಾಯಿಗೆ ಬಂತು.

ಸೊಸೆ ಮಿಷನ್ನು ನಿಲ್ಲಿಸಿ ಎದುರು ಮನೆಗೆ ಓಡಿದಳು. ಅಲ್ಲಿದ್ದದ್ದು ಇಂಜೆಕ್ಷನ್ ಅಕ್ಕ. ಪಶು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿರುವವಳು. ಆಕೆಯನ್ನು ಕಂಡರೆ ಬೀದಿಯ ಬೆಕ್ಕುಗಳೆಲ್ಲ ಗೋಡೆ ಹಾರುತ್ತವೆ. ಬಂದವಳೇ ದೊರೆಯ ಹೊಟ್ಟೆ ಮುಟ್ಟಿ ನೋಡಿದಳು.

"ದೊಡ್ಡಪ್ಪ, ತಡ ಮಾಡೋದು ಬೇಡ. ಈಗಲೇ ಹೊರಡೋಣ."

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕರುಳಿನಲ್ಲಿ ಮೂಳೆಯ ಚೂರುಗಳು ಸಿಕ್ಕಿಕೊಂಡಿದ್ದವು. ಮೂರು ದಿನ ಸೂಜಿ, ಗ್ಲೂಕೋಸ್, ಔಷಧಿ. ಕೊನೆಗೆ ಆಪರೇಷನ್ ಇಲ್ಲದೆಯೇ ಚೂರುಗಳು ಹೊರಬಂದವು. ಡಾಕ್ಟರು ಅಜ್ಜನನ್ನು ಪಕ್ಕಕ್ಕೆ ಕರೆದು, "ಅದೃಷ್ಟ ಚೆನ್ನಾಗಿತ್ತು. ವಯಸ್ಸಾದ ನಾಯಿ. ಇನ್ನೊಂದು ಸಲ ಹೀಗಾದರೆ ಉಳಿಸೋದು ಕಷ್ಟ" ಎಂದರು.

ಮನೆಗೆ ಬಂದು ಗಾಡಿಯಿಂದ ದೊರೆಯನ್ನು ಇಳಿಸಿಕೊಂಡದ್ದು ಅಜ್ಜನೇ. ಎತ್ತಿಕೊಂಡವರು ಅಲ್ಲೇ ನಿಂತುಬಿಟ್ಟರು. ಹದಿನೈದು ಕಿಲೋ ಇದ್ದವನು ಹದಿಮೂರಕ್ಕೆ ಇಳಿದಿದ್ದ. ಅವರಿಗೆ ತಕ್ಕಡಿ ಬೇಕಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೀದಿಯವರೆಲ್ಲ ನೋಡುತ್ತಿದ್ದರೂ ಅತ್ತುಬಿಟ್ಟರು.

ಅತ್ತರೂ ತಪ್ಪು ಒಪ್ಪಿಕೊಳ್ಳಲು ಮನಸ್ಸು ಬರಬೇಕಲ್ಲ. ಸಂಜೆ ಇಂಜೆಕ್ಷನ್ ಅಕ್ಕ ಮಾತ್ರೆ ಕೊಡಲು ಬಂದಾಗ ಅಜ್ಜ ವಾದಕ್ಕೆ ಕೂತರು.

"ನಲವತ್ತು ವರ್ಷ ನನ್ನ ಅಂಗಡಿ ಮುಂದೆ ನಾಯಿಗಳು ಮೂಳೆ ತಿಂದಿವೆ. ಒಂದಕ್ಕಾದರೂ ಹೀಗಾಗಿದ್ದು ನಾನು ನೋಡಿಲ್ಲ."

"ಅಲ್ಲಿ ತಿಂದಿದ್ದು ಹಸಿ ಮೂಳೆ ದೊಡ್ಡಪ್ಪ. ನೀವು ಮನೇಲಿ ಕೊಟ್ಟಿದ್ದು ಬೆಂದಿದ್ದು. ಬೆಂದ ಮೂಳೆ ಗರಿಗರಿಯಾಗಿ ಚೂಪು ಚೂಪಾಗಿ ಒಡೆಯತ್ತೆ. ಗಂಟಲು, ಕರುಳು ಎಲ್ಲಿ ಬೇಕಾದ್ರೂ ಚುಚ್ಚಬಹುದು."

"ಹಾಗಾದ್ರೆ ಹಸಿದೇ ಕೊಡ್ತೀನಿ ಬಿಡು."

"ಅದೂ ಬೇಡ. ಹಲ್ಲು ಮುರಿಯತ್ತೆ, ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ, ಹಸಿ ಮಾಂಸದಲ್ಲಿ ರೋಗಾಣುನೂ ಇರತ್ತೆ. ಬೀದಿ ನಾಯಿ ತಿಂದು ಆ ಕಡೆ ಹೋಗಿಬಿಡ್ತಿತ್ತು. ಆಮೇಲೆ ಅದಕ್ಕೆ ಏನಾಯ್ತು ಅಂತ ನೀವು ಹಿಂದೆ ಹೋಗಿ ನೋಡಿದ್ದೀರಾ?"

ಅಜ್ಜ ನೋಡಿರಲಿಲ್ಲ. ಮೀಸೆ ಸವರಿಕೊಂಡರು.

"ಇನ್ನೊಂದು ವಿಷಯ," ಎಂದಳು ಅಕ್ಕ. "ನೀವು ನಲ್ಲಿ ನೀರಲ್ಲಿ ತೊಳೆದರೆ ಮೇಲಿನ ಖಾರ ಹೋಗತ್ತೆ, ಒಳಗಿಳಿದ ಮಸಾಲೆಯ ರಸ ಹೋಗಲ್ಲ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಗೆ ವಿಷ. ರಕ್ತ ಕೆಡತ್ತೆ. ಬೇಯಿಸಿದ್ರೂ ಅಷ್ಟೇ, ಪುಡಿ ಮಾಡಿದ್ರೂ ಅಷ್ಟೇ."

ಅಜ್ಜ ದೊರೆಯ ತಲೆ ಸವರಿದರು. ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ನಾನು ಅವನಿಗೆ ಏನೂ ಕೊಡಲೇಬಾರದಾ? ಬರೀ ಕೈಯಲ್ಲಿ ಹೇಗಮ್ಮ ಅವನ ಮುಖ ನೋಡಲಿ?" ಎಂದರು.

ಮಿಷನ್ನಿನ ಮುಂದೆ ಕೂತಿದ್ದ ಸೊಸೆಯ ಕಾಲು ಪೆಡಲಿನ ಮೇಲೆ ನಿಂತಿತು. ಇಷ್ಟು ದಿನ ಮಾವನದು ಬರೀ ಹಟ ಎಂದುಕೊಂಡಿದ್ದಳು. ಆಕೆಗೆ ಪಾಪ ಅನ್ನಿಸಿತು.

"ಕೊಡಬಾರದು ಅಂತ ಯಾರು ಹೇಳಿದ್ರು?" ಎಂದು ಇಂಜೆಕ್ಷನ್ ಅಕ್ಕ ನಕ್ಕಳು. "ನಿಮ್ಮ ಕೈಯಲ್ಲೇ ಮಾಡಿ ಕೊಡುವಿರಂತೆ. ಅವನ ಹೊಟ್ಟೆ ಸರಿಹೋಗಲಿ, ಡಾಕ್ಟರು ಹೂಂ ಅನ್ನಲಿ. ಅಲ್ಲೀವರೆಗೆ ಕೈ ಕಟ್ಟಿಕೊಂಡಿರಿ."

ಅಜ್ಜ ಹನ್ನೆರಡು ದಿನ ಕೈ ಕಟ್ಟಿಕೊಂಡಿದ್ದರು. ಹದಿಮೂರನೇ ದಿನ ಡಾಕ್ಟರು ಒಪ್ಪಿಗೆ ಕೊಟ್ಟರು. ಮಗ ಅಂಗಡಿಯಿಂದ ಅರ್ಧ ಕಿಲೋ ಕೋಳಿಯ ಎದೆಮಾಂಸ ಕಳಿಸಿದ. ಅಜ್ಜ ತೋಳು ಮಡಚಿಕೊಂಡು, ಹಲಗೆ ತೊಳೆದು, ಕತ್ತಿ ಮಸೆದು ಅಡುಗೆಮನೆಯಲ್ಲಿ ನಿಂತರೆ ಮದುವಣಿಗನ ಹಾಗೆ ಕಾಣುತ್ತಿದ್ದರು. ದೊರೆ ಬಾಗಿಲಲ್ಲಿ ಕೂತು ಮೇಲ್ವಿಚಾರಣೆ ನಡೆಸಿದ.

"ಚರ್ಮ ಬೇಡ, ಕೊಬ್ಬು ಬೇಡ, ಒಂದು ಚೂರು ಮೂಳೆನೂ ಬೇಡ," ಎಂದಳು ಅಕ್ಕ.

"ಇದನ್ನ ನನಗೆ ಹೇಳಿಕೊಡ್ತೀಯಾ?" ಎನ್ನುತ್ತ ಅಜ್ಜ ಎರಡೇ ನಿಮಿಷದಲ್ಲಿ ಮಾಂಸವನ್ನು ಹಸನು ಮಾಡಿಟ್ಟರು. ಅದಾದ ಕೂಡಲೇ ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು.

"ಮಾವ!" ಸೊಸೆ ಡಬ್ಬಿಯನ್ನು ಎಳೆದುಕೊಂಡಳು.

"ಒಂದು ಚಿಟಿಕೆ ಕಣಮ್ಮ. ಸಪ್ಪೆ ಕೊಟ್ಟರೆ ಮರ್ಯಾದೆನಾ? ಮನೆಗೆ ಬಂದವರಿಗೆ ಸಪ್ಪೆ ಹಾಕ್ತೀವಾ?"

"ದೊರೆ ನೆಂಟನಲ್ಲ ದೊಡ್ಡಪ್ಪ, ನಾಯಿ," ಎಂದಳು ಅಕ್ಕ. "ಅದರ ನಾಲಿಗೆಗೆ ಮಾಂಸದ ವಾಸನೆನೇ ರುಚಿ. ಉಪ್ಪು, ಖಾರ, ಎಣ್ಣೆ, ಮಸಾಲೆ ಎಲ್ಲ ನಮ್ಮ ಚಪಲ."

ಬರೀ ನೀರಿನಲ್ಲಿ ಮಾಂಸವನ್ನು ಬೇಯಿಸಿದರು. ಅಕ್ಕ ಒಂದು ತುಂಡನ್ನು ಕೊಯ್ದು, ಒಳಗೆ ಎಲ್ಲೂ ಕೆಂಪು ಉಳಿದಿಲ್ಲ ಎಂದು ತೋರಿಸಿದಳು. ಅದು ಆರಿದ ಮೇಲೆ ಕತ್ತರಿಸುವ ಸರದಿ. ಅಕ್ಕ ಕತ್ತಿ ಹಿಡಿದು ಉದ್ದುದ್ದಕ್ಕೆ ಸೀಳತೊಡಗಿದಾಗ ಅಜ್ಜ ತಡೆದರು.

"ನಿಲ್ಲಮ್ಮ. ಎಳೆ ನೋಡು, ಹೀಗೆ ಉದ್ದಕ್ಕೆ ಹೋಗಿದೆ. ಉದ್ದಕ್ಕೆ ಕೊಯ್ದರೆ ನಾರು ನಾರಾಗತ್ತೆ, ಮುದಿ ಹಲ್ಲಿಗೆ ಕಷ್ಟ. ಎಳೆಗೆ ಅಡ್ಡಲಾಗಿ ಕೊಯ್ಯಬೇಕು. ಸುಲಭವಾಗಿ ಬಿಟ್ಟುಕೊಳ್ಳತ್ತೆ."

"ಇದು ನನಗೆ ಗೊತ್ತಿರಲಿಲ್ಲ," ಎಂದು ಇಂಜೆಕ್ಷನ್ ಅಕ್ಕ ಕತ್ತಿಯನ್ನು ಅವರ ಕೈಗೇ ಕೊಟ್ಟಳು. ಬಹಳ ದಿನಗಳ ಮೇಲೆ ಅಜ್ಜನ ಬೆನ್ನು ನೆಟ್ಟಗಾಯಿತು. ಕಿರುಬೆರಳಿನ ಉಗುರಿನಷ್ಟು ಗಾತ್ರದ ತುಣುಕುಗಳು, ಎಲ್ಲ ಒಂದೇ ಅಳತೆ.

"ಇನ್ನು ಇದನ್ನ ಬಿಸಿಲಿಗೆ ಹರವಿ ಒಣಗಿಸೋದು ತಾನೇ?"

"ಬೇಡ, ನೊಣ ಕೂರತ್ತೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ ಇಟ್ಟು, ಎಣ್ಣೆ ಹಾಕದೆ, ಆಗಾಗ ಮಗುಚ್ತಾ ಇರಿ. ಮೇಲಿನ ಪಸೆ ಆರಿದರೆ ಸಾಕು."

ಅರ್ಧ ಗಂಟೆಗೆ ತುಣುಕುಗಳು ಹೊಂಬಣ್ಣಕ್ಕೆ ತಿರುಗಿದವು. ಚೆನ್ನಾಗಿ ಆರಿಸಿ, ಅಜ್ಜ ಒಂದನ್ನು ಅಂಗೈಯಲ್ಲಿಟ್ಟು ಚಾಚಿದರು. ದೊರೆ ಮೂಸಿದ. ಅಜ್ಜನ ಮುಖ ನೋಡಿದ. ಮೆಲ್ಲಗೆ ತುಟಿಯಲ್ಲಿ ಎತ್ತಿಕೊಂಡು ಅಗಿದ. ಆಮೇಲೆ ಬಾಲ ಬೀಸಿದ ರಭಸಕ್ಕೆ ಮೂಲೆಯಲ್ಲಿದ್ದ ಪೊರಕೆ ಬಿದ್ದುಹೋಯಿತು.

"ಸಪ್ಪೆ ಅಂದಿರಲ್ಲ ಮಾವ?" ಎಂದು ಸೊಸೆ ಕೆಣಕಿದಳು.

"ಅವನಿಗೆ ಬುದ್ಧಿ ಕಡಿಮೆ," ಎಂದರು ಅಜ್ಜ. ಕಣ್ಣು ಒದ್ದೆಯಾಗಿತ್ತು.

ಲೆಕ್ಕ ಹೇಳಿಕೊಟ್ಟದ್ದು ಇಂಜೆಕ್ಷನ್ ಅಕ್ಕ. ತಿಂಡಿ ಎಂದರೆ ತಿಂಡಿ, ಅದು ಊಟವಾಗಬಾರದು. ದಿನದ ಆಹಾರವನ್ನು ಹತ್ತು ಪಾಲು ಮಾಡಿದರೆ ಒಂದು ಪಾಲಿಗಿಂತ ಹೆಚ್ಚು ತಿಂಡಿ ಬೇಡ. ದೊರೆಯಷ್ಟಿರುವ ನಾಯಿಗೆ ದಿನಕ್ಕೆ ಆರು ತುಣುಕು ಧಾರಾಳ. ಡಬ್ಬಿ ಫ್ರಿಜ್ಜಿನಲ್ಲಿರಬೇಕು, ಮೂರು ದಿನದೊಳಗೆ ಖಾಲಿಯಾಗಬೇಕು. ಉಳಿದದ್ದನ್ನು ಐಸ್ ಕಟ್ಟುವ ಖಾನೆಯಲ್ಲಿಟ್ಟು ಬೇಕಾದಷ್ಟೇ ತೆಗೆದುಕೊಳ್ಳಬಹುದು. ಲಿವರ್ ಕೊಡುವುದಾದರೆ ವಾರಕ್ಕೊಮ್ಮೆ, ಒಂದೆರಡು ಚೂರು. ಹಸಿ ಮಾಂಸ ಮುಟ್ಟಿದ ಕೈ, ಕತ್ತಿ, ಹಲಗೆಯನ್ನು ಸೋಪು ಹಾಕಿ ತೊಳೆಯಬೇಕು. ಅಜ್ಜ ಎಲ್ಲಕ್ಕೂ ತಲೆಯಾಡಿಸಿದರು. ಮಾರನೆಯ ದಿನವೇ ಏಳನೆಯ ತುಣುಕು ಕೊಡಲು ಹೋಗಿ ಸೊಸೆಯ ಕೈಗೆ ಸಿಕ್ಕಿಬಿದ್ದರು ಎಂಬುದು ಬೇರೆ ಮಾತು.

ತಿಂಗಳು ಕಳೆಯುವಷ್ಟರಲ್ಲಿ ದೊರೆ ಮೈತುಂಬಿಕೊಂಡ. ಒಂದು ಭಾನುವಾರ ಅವನನ್ನು ಕರೆದುಕೊಂಡು ಅಜ್ಜ ಅಂಗಡಿಯ ಕಡೆ ಹೋದರು. ಗಿರಾಕಿಗಳು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ಟೀಚರಮ್ಮ, ಹದಿನೈದು ವರ್ಷದಿಂದ ಅದೇ ಅಂಗಡಿಗೆ ಬರುತ್ತಿದ್ದ ಹೆಂಗಸು. ಕೈಚೀಲದಿಂದ ಒಂದು ಪುಟ್ಟ ನಾಯಿಮರಿ ಇಣುಕುತ್ತಿತ್ತು.

"ಹೊಸ ಮರಿ ಅಜ್ಜ," ಎಂದರು ಟೀಚರಮ್ಮ. "ಹಳೇದು ಹೋದ ವರ್ಷ ಹೋಗಿಬಿಡ್ತಲ್ಲ. ಪಾಪ, ಹೊಟ್ಟೆ ಕಟ್ಟಿಕೊಂಡು ನಾಲ್ಕು ದಿನ ಒದ್ದಾಡ್ತು. ಏನು ತಿಂತೋ ಗೊತ್ತಾಗಲೇ ಇಲ್ಲ. ನೀವು ಪ್ರತಿ ವಾರ ಕೊಡ್ತಿದ್ರಲ್ಲ ಮೂಳೆ, ಅದಂದ್ರೆ ಪ್ರಾಣ ಅದಕ್ಕೆ. ಕುಕ್ಕರಲ್ಲಿ ಬೇಯಿಸಿ ಬೇಯಿಸಿ ಹಾಕ್ತಿದ್ದೆ. ಇವಳಿಗೂ ಸ್ವಲ್ಪ ಕಟ್ಟಿಕೊಡಿ."

ಮಗ ಅಭ್ಯಾಸಬಲದಿಂದ ಆಗಲೇ ಮೂಳೆಯ ಪೊಟ್ಟಣ ಮುಂದೆ ಚಾಚಿದ್ದ. ಅಜ್ಜ ಅದನ್ನು ತಡೆದು ಹಿಡಿದರು.

"ಟೀಚರಮ್ಮ, ಇದನ್ನ ತಗೋಬೇಡಿ. ಬೆಂದ ಮೂಳೆ ಕರುಳಿಗೆ ಸಿಕ್ಕಿಕೊಳ್ಳತ್ತೆ. ನಮ್ಮ ದೊರೆನೂ ಹೋಗೋದರಲ್ಲಿದ್ದ. ನಿಮ್ಮದು ಹೋಗಿದ್ದು ನಾನು ಕೊಟ್ಟ ಮೂಳೆಯಿಂದಲೇ ಇರಬಹುದು. ನನಗೆ ಗೊತ್ತಿರಲಿಲ್ಲ ತಾಯಿ."

ಟೀಚರಮ್ಮ ಮರಿಯ ತಲೆಯ ಮೇಲೆ ಕೈಯಿಟ್ಟುಕೊಂಡು, "ಬೇಯಿಸಿ ಹಾಕಿದವಳು ನಾನು ಅಜ್ಜ. ನನಗೂ ಗೊತ್ತಿರಲಿಲ್ಲ" ಎಂದರು.

ಅಜ್ಜ ಅಂಗಡಿಯೊಳಗೆ ಹೋಗಿ ಕೋಳಿಯ ಎದೆಮಾಂಸದ ಒಂದು ತುಂಡು ತೆಗೆದು, ಚರ್ಮ, ಕೊಬ್ಬು ಬಿಡಿಸಿ ಹಸನು ಮಾಡಿದರು. ಎಳೆ ಯಾವ ಕಡೆ ಹೋಗಿದೆ, ಬೆಂದ ಮೇಲೆ ಹೇಗೆ ಕೊಯ್ಯಬೇಕು ಎಂದು ಬೆರಳಿಟ್ಟು ತೋರಿಸಿದರು. ಉಪ್ಪು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡವೇ ಬೇಡ ಎಂದರು. ಮರಿಗೆ ಎಷ್ಟು, ಯಾವಾಗಿಂದ ಎಂಬುದನ್ನು ಆಸ್ಪತ್ರೆಯಲ್ಲಿ ಕೇಳಿಕೊಂಡೇ ಕೊಡಿ ಎಂದರು. ಸಾಲಿನಲ್ಲಿದ್ದ ಮತ್ತಿಬ್ಬರು ತಮ್ಮ ಮೂಳೆಯ ಪೊಟ್ಟಣಗಳನ್ನು ಹಲಗೆಯ ಮೇಲೆ ವಾಪಸ್ಸಿಟ್ಟರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ತೂಕದಜ್ಜನಿಗೆ ಪ್ರೀತಿ ಇತ್ತು, ಟೀಚರಮ್ಮನಿಗೂ ಇತ್ತು. ತಿಳಿದಿರಲಿಲ್ಲ, ಅಷ್ಟೇ. ಒಬ್ಬರ ನಾಯಿ ಉಳಿಯಿತು, ಒಬ್ಬರದು ಉಳಿಯಲಿಲ್ಲ. ನಿಮಗೆ ಈಗ ತಿಳಿದಿದೆ. ಇವತ್ತು ಊಟಕ್ಕೆ ಕೂತಾಗ ಪಕ್ಕದಲ್ಲಿ ಒಂದು ಮುಖ ನಿಮ್ಮನ್ನೇ ನೋಡುತ್ತಿದ್ದರೆ, ತಟ್ಟೆಯ ಮೂಳೆಯನ್ನು ಅದಕ್ಕೆ ಸಿಗದ ಹಾಗೆ ಮುಚ್ಚಳದ ಬುಟ್ಟಿಗೆ ಹಾಕಿ. ಬಿಡುವಾದಾಗ ಒಂದಿಷ್ಟು ಸಪ್ಪೆ ಮಾಂಸ ಬೇಯಿಸಿ, ಪುಟ್ಟದಾಗಿ ಕೊಯ್ದು, ನಿಮ್ಮ ಕೈಯಿಂದಲೇ ಕೊಡಿ. ಕೇಳಲಿಕ್ಕೆ ಅದಕ್ಕೆ ಬಾಯಿಲ್ಲ. ನೀವು ಕೊಟ್ಟದ್ದನ್ನು ಅದು ನಂಬಿ ತಿನ್ನುತ್ತದೆ.